ಬಚ್ಚಲಮನೆಯಲ್ಲೊಂದು ಡಾರ್ಕ್ ರೂಮು

ಗಂಗಾವತಿಯ ಗೋವಿಂದರಾಜರಿಗೆ ಮೊಬೈಲ್ ಫೋನಿನ ಮೇಲಿದ್ದ ಸಿಟ್ಟು ಸಣ್ಣದಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು ಅವರು. ಸುತ್ತಲಿನ ಹಳ್ಳಿಗಳ ಮದುಮಕ್ಕಳು, ಜವಳ ತೆಗೆಸಿಕೊಂಡ ಕೂಸುಗಳು, ರೇಷನ್ ಕಾರ್ಡಿಗೆ ಮುಖ ಕೊಡಲು ಬಂದ ಮುದುಕರು, ಎಲ್ಲರೂ ಅವರ ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತವರೇ. ಆಮೇಲೆ ಎಲ್ಲರ ಕಿಸೆಗೂ ಒಂದೊಂದು ಕ್ಯಾಮೆರಾ ಬಂತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರ್ ಮಾರುತ್ತಾರೆ. (ಆ ಅಂಗಡಿಯ ಮುಂದೆ ಹಾಯುವಾಗ ಗೋವಿಂದರಾಜರು ಮುಖ ಆಚೆ ತಿರುಗಿಸುತ್ತಾರೆ. ಅವರ ಫೋನಿನ ಕವರೂ ಅಲ್ಲಿಯದೇ, ಆದರೆ ತಂದವಳು ಹೆಂಡತಿ ಎಂಬ ಸಮಾಧಾನವಿದೆ.)

ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಗಂಡಸಿನ ದೃಷ್ಟಿ ಕೊನೆಗೆ ಅಡುಗೆಮನೆಯ ಮೇಲೆ ಬೀಳುತ್ತದೆ. ಒಂದು ದಿನ ಅವರು ಕಾಳಿನ ಡಬ್ಬಿಗಳನ್ನೆಲ್ಲ ಇಳಿಸಿ, ಗ್ರೂಪ್ ಫೋಟೋಕ್ಕೆ ನಿಲ್ಲಿಸುವ ಹಾಗೆ ಎತ್ತರದವನ್ನು ಹಿಂದೆ, ಗಿಡ್ಡದವನ್ನು ಮುಂದೆ ಜೋಡಿಸಿಟ್ಟರು. ಹೆಂಡತಿ ಹೊಳಿಯಮ್ಮ ಅಂದು ಸಾರಿಗೆ ತೊಗರಿಬೇಳೆ ಹುಡುಕುತ್ತ ಹುಡುಕುತ್ತ ಕಡ್ಲಿಬೇಳೆಯ ಸಾರು ಮಾಡಿ ಬಡಿಸಿದಳು.

ಇಂಥ ಹೊತ್ತಿನಲ್ಲಿ ಸುನಿತಾ ಬಂದಳು. ಗೋವಿಂದರಾಜರ ಗೆಳೆಯನ ಮಗಳು, ಶ್ರೀರಾಮನಗರದ ಸಾಲಿಯೊಂದರಲ್ಲಿ ಡ್ರಾಯಿಂಗ್ ಟೀಚರು. ಸಾಲಿಯ ಪಕ್ಕದ ಭವನದಲ್ಲಿ ಒಂದು ಚಿತ್ರ ಪ್ರದರ್ಶನ ಇಟ್ಟಿದ್ದಳು.

"ಕಾಕಾ, ಕ್ಯಾಮೆರಾ ಇಲ್ದನ ಫೋಟೋ ಮಾಡ್ತಾರಲ್ರಿ, ಪೇಪರಿನ ಮ್ಯಾಲ ಸಾಮಾನು ಇಟ್ಟು ಬೆಳಕು ಬಿಡೂದು. ಅದು ನಮ್ಮ ಹುಡುಗರು ನೋಡೇ ಇಲ್ಲ. ನೀವು ಹತ್ತು ಚಿತ್ರ ಮಾಡಿಕೊಟ್ರ ಒಂದು ಗ್ವಾಡಿ ಪೂರ್ತಿ ನಿಮಗ ಬಿಡ್ತೀನಿ."

"ಅದನ್ನ ನನಗ ಹೇಳ್ತೀಯೇನವಾ," ಎಂದರು ಗೋವಿಂದರಾಜರು. "ಕೆಲಸ ಕಲಿಯೂ ಮುಂದ ಬೀಗದ ಕೈ ಇಟ್ಟು ಎಷ್ಟು ಮಾಡೀನಿ."

ಹಾಗೆ ಹಗುರಾಗಿ ಹೇಳಿದರೂ 'ಒಂದು ಗ್ವಾಡಿ ಪೂರ್ತಿ' ಎಂಬ ಮಾತು ಅವರ ಎದೆಯೊಳಗೆ ಹೋಗಿ ಕುರ್ಚಿ ಹಾಕಿಕೊಂಡು ಕುಳಿತಿತು. ಅಟ್ಟದ ಟ್ರಂಕಿನಿಂದ ಟ್ರೇಗಳು ಇಳಿದವು, ಕೆಂಪು ಬಲ್ಬು ಇಳಿಯಿತು. ಕರಿ ಕಾಗದದಲ್ಲಿ ಸುತ್ತಿಟ್ಟ, ಫೋಟೋ ಮೂಡುವ ಬ್ರೊಮೈಡ್ ಪೇಪರಿನ ಕೊನೆಯ ಪ್ಯಾಕೆಟ್ಟೂ ಇಳಿಯಿತು. ಅದರ ಆಯುಷ್ಯ ಮುಗಿದು ಹನ್ನೆರಡು ವರ್ಷವಾಗಿತ್ತು. ಫೋಟೋ ತೊಳೆಯುವ ಔಷಧದ ಪುಡಿಯನ್ನು ಹುಬ್ಬಳ್ಳಿಯಿಂದ ತರಿಸಿದ್ದಾಯಿತು. ಉಳಿದದ್ದು ಡಾರ್ಕ್ ರೂಮು. ಕತ್ತಲೆ, ನೀರು, ಒಳಗಿನಿಂದ ಚಿಲಕ, ಈ ಮೂರೂ ಇರುವ ಕೋಣೆ ಆ ಮನೆಯಲ್ಲಿ ಒಂದೇ ಇತ್ತು.

"ಬಚ್ಚಲದಾಗ ಮಾಡ್ತೀರಾ?" ಎಂದಳು ಹೊಳಿಯಮ್ಮ. "ನಾ ಅರಿವಿ ಎಲ್ಲಿ ಒಗೀಲಿ?"

"ಹಿತ್ತಲದಾಗ ಕಲ್ಲೈತಲ್ಲ."

"ಜಳಕ?"

"ಹತ್ತು ಗಂಟಿ ಒಳಗ ಮುಗಿಸಿಬಿಡು. ಹತ್ತರಿಂದ ಎರಡರ ತನಕ ಅದು ಬಚ್ಚಲ ಅಲ್ಲ, ಪ್ರಯೋಗಶಾಲೆ."

ಬಚ್ಚಲದ ಕಿಂಡಿಗೆ ಅಕ್ಕಿ ಚೀಲ ಬಡಿದರು. ಅದರ ಸಂದುಗಳಿಂದ ಬೆಳಕು ಇಣುಕಿದಾಗ ಹಳೆಯ ಛತ್ರಿಯ ಕರಿ ಬಟ್ಟೆಯನ್ನು ಬಿಚ್ಚಿ ಮೇಲಿಂದ ಹೊಡೆದರು. ನೀರಿನ ಹಂಡೆಯ ಮೇಲೆ ಹಲಗೆ ಬಂತು, ಹಲಗೆಯ ಮೇಲೆ ಮೂರು ಟ್ರೇ: ಚಿತ್ರ ಮೂಡಿಸುವುದು ಒಂದು, ತೊಳೆಯುವುದು ಒಂದು, ಮೂಡಿದ ಚಿತ್ರ ಅಳಿಯದಂತೆ ಹಿಡಿದಿಡುವ ಹೈಪೋದ್ದು ಒಂದು. ಎಲ್ಲ ಸಿದ್ಧವಾದ ಮೇಲೆ, ಪೇಪರು ಕೆಡಿಸದ ಆ ಕೆಂಪು ಬಲ್ಬು ಹಚ್ಚಿ ನಿಂತರೆ ಗೋವಿಂದರಾಜರಿಗೆ ತಮ್ಮ ವಯಸ್ಸಿನಿಂದ ಇಪ್ಪತ್ತು ವರ್ಷ ಯಾರೋ ಸದ್ದಿಲ್ಲದೆ ಕದ್ದೊಯ್ದಂತೆ ಅನಿಸಿತು.

ಮಾರನೆಯ ದಿನದಿಂದ ಮನೆಯಲ್ಲಿ ಸಾಮಾನು ಕಾಣೆಯಾಗತೊಡಗಿದವು. ಮೊದಲು ಚಹಾ ಸೋಸುವ ಜರಡಿ, ಆಮೇಲೆ ಹೊಳಿಯಮ್ಮನ ಚಾಳೀಸಿನ ಕನ್ನಡಕ. ಪಕ್ಕದ ಮನೆಯ ಇಮಾಮಬೀ ಜಂಪರು ಹೊಲಿಯುವವಳು. ಅವಳು ಹೊಳಿಯಮ್ಮನ ಸೆರಗಿಗೆ ಹಚ್ಚಲೆಂದು ತಂದಿಟ್ಟ ಲೇಸೂ ಒಳಗೆ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಬಾಣಲೆಯಲ್ಲಿ ಎಣ್ಣೆ ಕಾದು, ಹಿಟ್ಟಿನಲ್ಲಿ ಮೆಣಸಿನಕಾಯಿ ಮಿಂದು ಕುಳಿತಿದ್ದಾಗ, ಕರಿದದ್ದನ್ನು ಎತ್ತುವ ತೂತಿನ ಝಾರಿ ಇಲ್ಲ.

ಗೋವಿಂದರಾಜರು ಹಸಿ ಹಾಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಆಗಲೇ ಹೊರಗೆ ಬಂದರು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಒಂದು ದುಂಡನೆಯ ಆಕೃತಿ, ಅದರ ತುಂಬ ಕಪ್ಪು ಚುಕ್ಕಿಗಳು.

"ಏನಂತ ಹೇಳು ನೋಡೂಣು."

"ಝಾರಿ."

"ನೆಟ್ಟಗ ನೋಡು."

"ನನ್ನ ಝಾರಿ."

"ಇದು ಝಾರಿ ಅಲ್ಲ. ವಿಶ್ವ. ಇವೆಲ್ಲ ಗ್ರಹಗಳು. ಈ ಉದ್ದಕ್ಕ ಹೋಗೇತಲ್ಲ, ಇದು ಕಾಲ."

"ಅದು ಹಿಡಿಕಿ," ಎಂದಳು ಹೊಳಿಯಮ್ಮ. "ಆತು, ವಿಶ್ವ ನೀವ ಇಟಗೊರ್ರಿ. ಝಾರಿ ಕೊಡ್ರಿ, ಮಿರ್ಚಿ ತೆಗೀಬೇಕು."

ಐದು ದಿನಗಳಲ್ಲಿ ಏಳು ಚಿತ್ರಗಳಾದವು. ಮುಪ್ಪಾದ ಪೇಪರು ಕೆಲವು ಕಡೆ ಬೂದಿ ಬಡಿದಂತೆ ಮಂಕಾಗುತ್ತಿತ್ತು. ಗೋವಿಂದರಾಜರು ಅದಕ್ಕೆ 'ಗಾಂಭೀರ್ಯ' ಎಂದು ಹೆಸರಿಟ್ಟರು. ಇನ್ನು ಮೂರಾದರೆ ಮುಗಿಯಿತು. ಆರನೆಯ ದಿನ, ಉಳಿದ ಹಾಳೆಗಳಲ್ಲಿ ನೆಟ್ಟಗಿರುವುದು ಯಾವುದು ಎಂದು ಆರಿಸಲು, ಕೆಂಪು ಬೆಳಕಿನಲ್ಲಿ ಹದಿನಾಲ್ಕನ್ನೂ ಹಲಗೆಯ ಮೇಲೆ ಹರಡಿಕೊಂಡು ನಿಂತರು.

ಹೊರಗೆ ಗೋಡೆಯಾಚೆಯಿಂದ ಇಮಾಮಬೀಯ ದನಿ ಬಂತು. "ಹೊಳಿಯಕ್ಕ, ನಳ ಬಂದಾವ ನೋಡ್ರಿ."

ಆ ಓಣಿಗೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ, ಅದೂ ಮುಕ್ಕಾಲು ತಾಸು. ಗೋವಿಂದರಾಜರ ಮನೆಯ ನಳ ಇದ್ದದ್ದು ಬಚ್ಚಲದಲ್ಲಿ.

"ರೀ, ಬಾಗ್ಲಾ ತೆಗೀರಿ. ನಳ ಬಂದಾವ."

"ಹತ್ತು ನಿಮಿಷ ತಡಿ. ಪೇಪರ್ ಹೊರಗದಾವ."

"ನಾ ತಡೀತೀನ್ರಿ, ನೀರು ತಡೀಬೇಕಲ್ಲ."

"ಐದು ನಿಮಿಷ."

ಹೊಳಿಯಮ್ಮ ಕೊಡದ ಬುಡದಿಂದ ಬಾಗಿಲಿಗೆ ಮೆಲ್ಲಗೆ ಒತ್ತಿದಳು. ಒಡೆಯುವ ಉದ್ದೇಶ ಅವಳಿಗಿರಲಿಲ್ಲ. ಆದರೆ ಆ ಚಿಲಕದ ಸ್ಕ್ರೂ ಸಡಿಲಾಗಿ ನಾಲ್ಕು ವರ್ಷವಾಗಿತ್ತು, 'ನಾಳಿ ಬಿಗೀತೀನಿ' ಎಂದು ಗೋವಿಂದರಾಜರು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಬಾಗಿಲು ತೆರೆಯಿತು. ಗಂಗಾವತಿಯ ಹನ್ನೊಂದು ಗಂಟೆಯ ಬಿಸಿಲು ಪಟ್ಟದಾನೆಯಂತೆ ಒಳಗೆ ನುಗ್ಗಿತು.

ಗೋವಿಂದರಾಜರು ಕೈಚಾಚಿ ಕೆಂಪು ಬಲ್ಬು ಆರಿಸಿದರು. ಹೊಳಿಯಮ್ಮ ಹನ್ನೊಂದು ಕೊಡ, ಎರಡು ಬಕೆಟ್ಟು ತುಂಬುವವರೆಗೂ ಮೂಲೆಯಲ್ಲಿ ನಿಂತೇ ಇದ್ದರು. ನಡುವೆ ಒಂದು ಸಲ ಅವಳು ಕೇಳಿದಾಗ ಕೊಡ ಎತ್ತಿ ಕೊಟ್ಟರು ಕೂಡ. ಆಮೇಲೆ ಹದಿನಾಲ್ಕೂ ಹಾಳೆಗಳನ್ನು ಕೂಡಿಸಿಕೊಂಡು ಹೋಗಿ ಹಿತ್ತಲದ ಕಸದ ಬುಟ್ಟಿಗೆ ಹಾಕಿದರು.

"ಒಂದು ಸಲ ಬೆಳಕು ಕಂಡ್ವಂದ್ರ ಇವು ಕುರುಡಾದ್ವು," ಎಂದರು. "ಇನ್ನ ಯಾತಕ್ಕೂ ಬರೂದಿಲ್ಲ."

ಯಾತಕ್ಕೂ ಬರುವುದಿಲ್ಲ ಎಂಬ ಮಾತನ್ನು ಹೊಳಿಯಮ್ಮ ಈ ಮನೆಗೆ ಬಂದಾಗಿನಿಂದ ಒಪ್ಪಿದವಳಲ್ಲ. ಅವಳೂ ಇಮಾಮಬೀಯೂ ಕೂಡಿ ತಲೆಗೆ ಹಚ್ಚುವ ಎಣ್ಣೆ ಕಾಯಿಸಬೇಕೆಂದು ದಾಸವಾಳ, ಕರಿಬೇವು ಹರಿದಿಟ್ಟಿದ್ದರು. ನ್ಯೂಸ್ ಪೇಪರಿನ ಮೇಲೆ ಒಣಗಿಸಿದರೆ ಮಸಿ ಹತ್ತುತ್ತದೆ. ಇವೋ ದಪ್ಪನೆಯ, ನುಣುಪಾದ, ಹೊಚ್ಚ ಹೊಸ ಹಾಳೆಗಳು. ಮಾಳಿಗೆಯ ಮೇಲೆ ಸಾಲಾಗಿ ಹಾಸಿ, ಹೂವು ಎಲೆ ಹರಡಿದಳು. ಗಾಳಿಗೆ ಹಾರದಿರಲೆಂದು ಸ್ಟುಡಿಯೋ ಮುಚ್ಚಿದಾಗ ಉಳಿದಿದ್ದ ಫೋಟೋ ಕಟ್ಟಿನ ಗಾಜುಗಳನ್ನು ಮೇಲೆ ಇಟ್ಟಳು. ಇಳಿದು ಬಂದು ಮಲಗಿದಳು.

ಮರುದಿನ ಮಧ್ಯಾಹ್ನ ಸುನಿತಾ ಚಿತ್ರಗಳನ್ನು ಒಯ್ಯಲು ಬಂದಳು. ಗೋವಿಂದರಾಜರು ಏಳನ್ನೂ ಮಂಚದ ಮೇಲೆ ಜೋಡಿಸಿದರು. ಅವಳು ಒಂದೊಂದನ್ನೇ ಎತ್ತಿ ನೋಡಿದಳು.

"ಛಲೋ ಅದಾವ ಕಾಕಾ," ಎಂದಳು. ಟೀಚರುಗಳು ಪಾಸಾಗುವಷ್ಟು ಮಾತ್ರ ಬರೆದ ಹುಡುಗನಿಗೆ ಹೇಳುವ ದನಿ ಅದು. "ಇದು ಏನ್ರಿ, ಚಂದ್ರನ?"

"ವಿಶ್ವ."

"ಝಾರಿ," ಎಂದು ಒಳಗಿನಿಂದ ಕೇಳಿಸಿತು.

ಹೊಳಿಯಮ್ಮ ಮಾಳಿಗೆಯಿಂದ ಇಳಿದು ಬಂದಿದ್ದಳು. ಒಂದು ಕೈಯಲ್ಲಿ ಒಣಗಿದ ಹೂವಿನ ಮೊರ, ಕಂಕುಳಲ್ಲಿ ಹಾಳೆಗಳು. "ಸಿಟ್ಟ ಆಗಬ್ಯಾಡ್ರಿ," ಎಂದಳು ಗಂಡನಿಗೆ. "ನಿಮ್ಮ ಪೇಪರಿಗೆ ಹೂವಿನ ಬಣ್ಣ ಹತ್ತಿಬಿಟ್ಟೈತಿ."

ಹತ್ತಿದ್ದು ಹೂವಿನ ಬಣ್ಣವಷ್ಟೇ ಅಲ್ಲ. ಬಿಸಿಲಿಗೆ ಹಾಳೆಯೇ ಬಣ್ಣ ತಿರುಗಿ, ನೇರಳೆಹಣ್ಣು ತಿಂದ ನಾಲಿಗೆಯಂತಾಗಿತ್ತು. ಹೂವು ಕುಳಿತಿದ್ದಲ್ಲಿ ಮಾತ್ರ ತಿಳಿಗುಲಾಬಿ. ಎಸಳಿನ ಒಂದೊಂದು ನರವೂ ಕೂದಲೆಳೆಯಷ್ಟು ಸಣ್ಣಗೆ ಮೂಡಿತ್ತು. ಕರಿಬೇವಿನ ಕಡ್ಡಿಯೊಂದು ಮೂಲೆಯಿಂದ ಮೂಲೆಗೆ, ನೀರಿನಲ್ಲಿ ಈಜುವ ಹಾಗೆ ಬಳುಕಿತ್ತು. ಸುನಿತಾ ಕೈಯಲ್ಲಿದ್ದ ವಿಶ್ವವನ್ನು ಮಂಚದ ಮೇಲೆ ಬೋರಲು ಹಾಕಿದಳು.

"ಚಿಗವ್ವ, ಇವು ಯಾರು ಮಾಡಿದ್ದು?"

"ಯಾರೂ ಮಾಡಿಲ್ಲವಾ. ಎಣ್ಣಿಗೆ ಹೂವು ಒಣಗಿಸಿದ್ದೆ."

"ಅವು ಕೆಟ್ಟ ಪೇಪರ್," ಎಂದರು ಗೋವಿಂದರಾಜರು. ಯಾರೂ ಅವರ ಕಡೆ ನೋಡಲಿಲ್ಲ. "ಅದರಾಗ ಬೆಳ್ಳಿ ಅಂಶ ಇರತೈತಿ, ಆ ಹೂವು ಎಣ್ಣಿಗೆ ಹಾಕಬಾರದು," ಎಂದೂ ಸೇರಿಸಿದರು.

"ಛಲೋ ಆತು ಹೇಳಿದ್ದು," ಎಂದಳು ಹೊಳಿಯಮ್ಮ. "ತಲಿ ಮೊದಲ ಬೆಳ್ಳಿ ಆಗೈತಿ."

ಸುನಿತಾ ಹಾಳೆಗಳನ್ನು ಎಣಿಸುತ್ತಿದ್ದಳು. ಚೆಂದಾಗಿ ಮೂಡಿದವು ಆರು. ಆಗ ಗೋವಿಂದರಾಜರ ಅನುಭವ ಎದ್ದು ನಿಂತಿತು. "ಹಂಗ ಒಯ್ಯಬ್ಯಾಡವಾ. ಇವಕ್ಕಿನ್ನೂ ಜೀವ ಐತಿ, ಬೆಳಕಿನಾಗ ಇಟ್ರ ಕಪ್ಪಾಗಿ ಹೋಗ್ತಾವ. ಹೈಪೋದಾಗ ಅದ್ದಿ ಗಟ್ಟಿ ಮಾಡಬೇಕು. ಅದು ಬಲ್ಲವರ ಕೆಲಸ." ಎಲ್ಲಕ್ಕಿಂತ ಚೆಂದದ್ದನ್ನು, ಎರಡು ದಾಸವಾಳ ಒಂದಕ್ಕೊಂದು ಆತು ಕುಳಿತ ಹಾಳೆಯನ್ನು, ಅವರೇ ಆರಿಸಿಕೊಂಡು ಬಚ್ಚಲಕ್ಕೆ ಹೋದರು.

ಹೋದವರು ಬೇಗ ಬರಲಿಲ್ಲ.

ಟ್ರೇಯಲ್ಲಿ ಮೊದಲು ಗುಲಾಬಿ ಹೋಯಿತು. ಹಿಂದೆಯೇ ನೇರಳೆ ಹೋಯಿತು. ಗೋವಿಂದರಾಜರು ಹಾಳೆಯನ್ನು ಹೊರಗೆಳೆಯುವಷ್ಟರಲ್ಲಿ ಉಳಿದದ್ದು ಚಹಾ ಚೆಲ್ಲಿದಂಥ ಕಂದು ಕಲೆ. ಬಿಸಿಲಿನಲ್ಲಿ ತಾನೇ ಮೂಡಿದ ಬಣ್ಣ ಹೈಪೋದಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೂವತ್ತೆರಡು ವರ್ಷ ಅವರು ಬೆಳಕು ಬಡಿದ ಪೇಪರನ್ನು ಎಸೆದವರೇ ಹೊರತು ಬಿಸಿಲಿನಲ್ಲಿಟ್ಟು ನೋಡಿದವರಲ್ಲ.

ಹೊರಗೆ ಬಂದು ಹಾಳೆ ತೋರಿಸಿದರು. ಸುನಿತಾ ತಲೆ ತಗ್ಗಿಸಿದಳು. ಹೊಳಿಯಮ್ಮ ಒಂದು ಗಳಿಗೆ ನೋಡಿ, ಉಳಿದ ಐದನ್ನೂ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದಳು. "ಇವು ಗಟ್ಟಿ ಆಗೂದು ಬ್ಯಾಡ," ಎಂದಳು.

ಅಂದು ಸಂಜೆ ಗೋವಿಂದರಾಜರು ಕಂದು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತರು. ಅವರಿಗೆ ಹೊಟ್ಟೆಕಿಚ್ಚಾಗಿತ್ತು, ಅದು ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಅಷ್ಟು ಚೆಂದದ್ದೊಂದು ತಮ್ಮ ಕೈಯಲ್ಲೇ ಕರಗಿದ್ದು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಹೊಳಿಯಮ್ಮ ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತಳು.

"ಬಯ್ಯವಲ್ಲಿ ಯಾಕ?" ಎಂದರು ಗೋವಿಂದರಾಜರು.

"ನಾ ಬಾಗ್ಲಾ ನೂಕಿದಾಗ ನೀವೂ ಬಯ್ಯಲಿಲ್ಲ."

ಚಹಾ ಮುಗಿಸಿ ಗೋವಿಂದರಾಜರು ಎದ್ದು, ಬಚ್ಚಲದ ಕಿಂಡಿಯ ಕರಿ ಬಟ್ಟೆ ಕಿತ್ತು ಇಮಾಮಬೀಯ ಮನೆಗೆ ಒಯ್ದರು. "ಇದನ್ನ ಐದು ತುಂಡು ಮಾಡಿ ಪರದೆ ಹೊಲದುಕೊಡವಾ. ಬೆಳಕು ಹಾಯಬಾರದು." ಇಮಾಮಬೀ ಬಟ್ಟೆ ತಿರುವಿ ನೋಡಿ, "ಅಣ್ಣಾರ, ಲೇಸು ಹಚ್ಚಲೇನ್ರಿ?" ಎಂದಳು. ಕಳೆದುಹೋದ ಲೇಸಿನ ಲೆಕ್ಕ ಅವಳು ಮರೆತಿರಲಿಲ್ಲ.

ಪ್ರದರ್ಶನದಲ್ಲಿ ಒಂದು ಗೋಡೆ ಪೂರ್ತಿ ಹೊಳಿಯಮ್ಮನಿಗೆ ಹೋಯಿತು. ಗೋವಿಂದರಾಜರ ಏಳು ಚಿತ್ರಗಳಿಗೆ ಬಾಗಿಲ ಹಿಂದೆ ಜಾಗ ಸಿಕ್ಕಿತು. (ಬಾಗಿಲು ಮುಚ್ಚಿದಾಗ ಚೆನ್ನಾಗಿಯೇ ಕಾಣುತ್ತಿದ್ದವು.) ಅವರಿಗೊಂದು ಹುದ್ದೆಯೂ ಸಿಕ್ಕಿತು: ಜನ ಬಂದಾಗ ಕರಿ ಪರದೆ ಎತ್ತುವುದು, ಮನಸ್ಸಿನಲ್ಲಿ ಹತ್ತು ಎಣಿಸುವುದು, ಇಳಿಸುವುದು. ಭತ್ತದ ಗದ್ದೆ ಮಾಡಲು ಆಂಧ್ರದಿಂದ ಬಂದು ನೆಲೆಸಿದ ಮನೆತನಗಳ ಹೆಂಗಸರು ಗುಂಪಾಗಿ ಬಂದು, "ಇನ್ನೊಂದ್ಸಲ ಎತ್ತಿ ಅಂಡಿ," ಎಂದು ತೆಲುಗು ಬೆರೆಸಿ ಕೇಳಿದರೆ ಮತ್ತೆ ಎತ್ತುತ್ತಿದ್ದರು. ಅವರಲ್ಲೊಬ್ಬಳು ಹೊಳಿಯಮ್ಮನನ್ನು, ಇದನ್ನು ಮಾಡುವುದು ಹೇಗೆ ಎಂದು ಕೇಳಿದಳು.

"ಮೊದಲ ಮನಿಯವರಿಗೆ ಸಿಟ್ಟು ಬಂದು ಪೇಪರ್ ಒಗೀಬೇಕ್ರಿ," ಎಂದಳು ಹೊಳಿಯಮ್ಮ. "ಮುಂದಿಂದು ಸಸಾರ."

ಎಲ್ಲ ಮುಗಿಯುವ ಹೊತ್ತಿಗೆ ಸುನಿತಾ ಮೊಬೈಲು ಹಿಡಿದು ಬಂದು ಹೊಳಿಯಮ್ಮನನ್ನು ಗೋಡೆಯ ಮುಂದೆ ನಿಲ್ಲಿಸಿದಳು. "ಕಾಕಾ, ನೀವೂ ಬರ್ರಿ, ಇಬ್ಬರದೂ ಒಂದು ತೆಗೀತೀನಿ."

ಗೋವಿಂದರಾಜರಿಗೆ ಆಗ ಹೊಳೆಯಿತು, ತಮ್ಮಿಬ್ಬರದು ಅಂತ ಮದುವೆಯ ಫೋಟೋ ಬಿಟ್ಟರೆ ಮತ್ತೊಂದಿಲ್ಲ. ಯಾವಾಗಲೂ ಅವರು ಕ್ಯಾಮೆರಾದ ಹಿಂದೆ. ಕಿಸೆಯಿಂದ ಹಣಿಗೆ ತೆಗೆದು ಬಾಚಿಕೊಂಡು ಹೆಂಡತಿಯ ಪಕ್ಕ ನಿಂತರು. ನಿಂತವರು ಸುಮ್ಮನಿರಲಿಲ್ಲ. ಫೋನು ಎದೆಮಟ್ಟಕ್ಕೆ ಹಿಡಿಯಲು ಸುನಿತಾಗೆ ಹೇಳಿದರು, ಕಿಟಕಿ ಅವಳ ಬೆನ್ನಿಗಿರಲಿ ಎಂದರು, ಹೆಂಡತಿಗೆ ಗದ್ದ ಎತ್ತಲು ಹೇಳಿದರು. "ಮುಖ್ಯ ಅಂದ್ರ ಕಣ್ಣು. ಕಣ್ಣು ಮಾತ್ರ ಮುಚ್ಚಬಾರ್..."

ಅಷ್ಟರಲ್ಲಿ ಸುನಿತಾ ತೆಗೆದಾಗಿತ್ತು.

ಮೂವರೂ ಬಗ್ಗಿ ನೋಡಿದರು. ಹೊಳಿಯಮ್ಮ ನೇರ ನಿಂತು ನಕ್ಕಿದ್ದಳು. ಅವಳು ಹೀಗೆ ನಗುತ್ತಾಳೆ ಎಂಬುದು ಗೋವಿಂದರಾಜರಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಅವರು ಬಾಯಿ ಅರ್ಧ ತೆರೆದು, ಕಣ್ಣು ಪೂರ್ತಿ ಮುಚ್ಚಿ ನಿಂತಿದ್ದರು.

"ಅಳಿಸಿಬಿಡವಾ, ಇನ್ನೊಂದು ತೆಗಿ," ಎಂದರು ಗೋವಿಂದರಾಜರು.

"ಬ್ಯಾಡ ಬ್ಯಾಡ, ಅದನ್ನ ಇಡು," ಎಂದಳು ಹೊಳಿಯಮ್ಮ. "ಮೂವತ್ತು ವರ್ಷದಾಗ ಇವರು ನನ್ನ ಮಗ್ಗಲ ಕಣ್ಣು ಮುಚ್ಚಿ ನಿಂತು ಯಾವುದಕ್ಕೂ ತಪ್ಪು ಹುಡುಕಲಾರದ ಗಳಿಗಿ ಇದೊಂದ."