ಹಂದಿಯ ಮೇಲೆ ನಿಂತ ಶಾಂತಿ

ಶಾಂತಿಯ ಬ್ಯಾನರು ಕಟ್ಟಲು ಹಗ್ಗ ಸಾಲದೆ ಹೋದದ್ದೇ ಎಲ್ಲಕ್ಕೂ ಮೂಲ. ಒಂದು ತುದಿಯನ್ನು ಸಭೆಮನೆಯ ಕಂಬಕ್ಕೆ ಬಿಗಿದಾಗಿತ್ತು. ಇನ್ನೊಂದು ತುದಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಗಂಡಸರು ಅತ್ತ ಇತ್ತ ನೋಡಿದರು. ಬಿಬಿಯಾನಾಳ ಹಿತ್ತಿಲಲ್ಲಿ ಒಳ್ಳೆಯ ಗಟ್ಟಿ ಹಗ್ಗವೊಂದು ಕಣ್ಣಿಗೆ ಬಿತ್ತು. ಅದರ ತುದಿಯಲ್ಲಿ ಒಂದು ಹಂದಿ ಇತ್ತು ಎಂಬುದನ್ನು ಯಾರೂ ದೊಡ್ಡ ವಿಷಯವೆಂದುಕೊಳ್ಳಲಿಲ್ಲ.

ಬಿಬಿಯಾನಾ ತೋಟದಿಂದ ಗೆಣಸಿನ ಬುಟ್ಟಿ ಹೊತ್ತು ಬಂದಾಗ ಹಿತ್ತಿಲಲ್ಲಿ ಬರೀ ಗೂಟ ನಿಂತಿತ್ತು.

ಅದು ಅಂತಿಂಥ ಹಂದಿಯಲ್ಲ, ಅವಳ ಬಿಡುಗಡೆಯ ಹಂದಿ. ಯುದ್ಧದ ಕಾಲದಲ್ಲಿ, ಬೂಗನ್‌ವಿಲ್ ದ್ವೀಪಕ್ಕೆ ಒಂದು ಹಡಗೂ ಬರದಂತೆ ಸರ್ಕಾರ ತಡೆ ಹಾಕಿದ್ದಾಗ, ಅವಳ ಗಂಡ ಲಿನುಸ್ ಮಾತ್ರೆಯಿಲ್ಲದೆ ಜ್ವರದಲ್ಲಿ ತೀರಿಹೋದ. ಅಂದಿನಿಂದ ಬಿಬಿಯಾನಾ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿರಲಿಲ್ಲ, ತಲೆಗೆ ಕತ್ತರಿ ಸೋಕಿಸಿರಲಿಲ್ಲ, ಒಂದು ಹಾಡಿನ ಸಾಲು ಗುನುಗಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಎಲ್ಲರಿಗೂ ಬೆನ್ನು ಮಾಡಿ ಕೂರಬೇಕಾಗಿತ್ತು. ಗಂಡನ ಕುಲದವರಿಗೆ ದೊಡ್ಡ ಹಂದಿಯ ಊಟ ಹಾಕಿ, ನಾದಿನಿ ತನ್ನ ಕೈಯಾರೆ ಅವಳ ಕೂದಲು ಕತ್ತರಿಸಿದರೆ ಮಾತ್ರ ಶೋಕ ಮುಗಿಯುವುದು. ಆದರೆ ಹಂದಿ ಉಳಿಯಬೇಕಲ್ಲ? ಒಂದನ್ನು, ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ಕಾಡಿನ ಹುಡುಗರು ಹೊತ್ತೊಯ್ದರು. ಇನ್ನೊಂದನ್ನು, ಅವರನ್ನು ಹಿಡಿಯಲು ಸರ್ಕಾರದ ಕಡೆ ನಿಂತಿದ್ದ ಕಾವಲು ಪಡೆಯವರು ಒಯ್ದರು. ಇಬ್ಬರೂ ಊರಿನ ಒಳ್ಳೆಯದಕ್ಕೇ ತಿಂದರಂತೆ. ಹೀಗೆ ನಾಲ್ಕು ವರ್ಷ. ಬದುಕಿದ್ದಾಗ ಲಿನುಸ್ ಯಾವುದಕ್ಕೂ ಹಠ ಹಿಡಿದವನಲ್ಲ. ಅವನ ಸಾವು ಮಾತ್ರ ಹೊರಡಲೊಲ್ಲೆನೆಂದು ಮನೆಯಲ್ಲೇ ಕೂತುಬಿಟ್ಟಿತ್ತು.

ನಾಳೆ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ಆ ಊಟ. ಮಧ್ಯಾಹ್ನದ ಹೊತ್ತಿಗೆ ತಲೆ ಹಗುರವಾಗಿ, ನಾಲ್ಕು ಹೆಂಗಸರ ಜೊತೆ ಹೊಳೆಗೆ ಇಳಿದು ಈಜಬಹುದು ಎಂದು ಬಿಬಿಯಾನಾ ರಾತ್ರಿಯೆಲ್ಲ ಯೋಚಿಸಿದ್ದಳು.

ರಸ್ತೆಯ ಕಡೆಯಿಂದ ಬ್ರೇಕು ಕಿರುಚಿದ್ದು ಕೇಳಿಸಿತು. ಅದರ ಹಿಂದೆಯೇ ಹಂದಿ ಕಿರುಚಿತು. ಆಮೇಲೆ ಎರಡೂ ಸುಮ್ಮನಾದವು.

ಅವಳು ಓಡಿದಳು. ರಸ್ತೆಯ ನಡುವೆ ಹಳದಿ ಅಂಗಿಯವರ ಜೀಪು ನಿಂತಿತ್ತು. ಕದನ ನಿಂತ ಮೇಲೆ ಸುತ್ತಲಿನ ದೇಶಗಳಿಂದ ಶಾಂತಿ ಕಾಯಲು ಬಂದವರು ಇವರು. ಕೈಯಲ್ಲಿ ಬಂದೂಕಿಲ್ಲ, ಜೀಪಿನಲ್ಲಿ ಗಿಟಾರು, ವಾಲಿಬಾಲು, ಔಷಧಿ ಪೆಟ್ಟಿಗೆ. ಇವತ್ತು ಕಾಡಿನ ಹುಡುಗರೂ ಕಾವಲು ಪಡೆಯವರೂ ಒಟ್ಟಿಗೆ ಕೂತು, ಹೊಸ ಹಿರಿಯರ ಮಂಡಳಿಗೆ ಒಪ್ಪಿ ರುಜು ಹಾಕುವ ದಿನ. ಅದಕ್ಕೆ ಸಾಕ್ಷಿ ನಿಲ್ಲಲು ಬಂದಿದ್ದರು. ಬರುವ ದಾರಿಯಲ್ಲಿ ಹಂದಿ ಸಿಕ್ಕಿತ್ತು.

ನ್ಯೂಜಿಲೆಂಡಿನ ಕ್ಯಾಪ್ಟನ್ ಹಾರ್ಗ್ರೀವನ ಮುಖ ಬೇಯಿಸಿದ ಏಡಿಯ ಹಾಗೆ ಕೆಂಪಾಗಿತ್ತು. ಅವನು ಬಿಬಿಯಾನಾಳ ಕ್ಷಮೆ ಕೇಳಿದ, ಅವಳ ಹಿಂದೆ ಬಂದವರ ಕ್ಷಮೆ ಕೇಳಿದ, ಹಂದಿಯ ಕಡೆಗೂ ಒಮ್ಮೆ ತಲೆ ಬಾಗಿಸಿದ. ದುಭಾಷಿ ಸಾರ್ಜೆಂಟ್ ಟಾರಿ ವನುವಾಟುವಿನವನು. ಅದೇ ಸಮುದ್ರದವನಾದ್ದರಿಂದ ಹಂದಿ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನು ಬಿಬಿಯಾನಾಳ ಕಣ್ಣು ತಪ್ಪಿಸಿದ.

"ಇದರ ಬದಲು ಏನು ಕೊಡ್ತಾರಂತೆ, ಕೇಳಪ್ಪ," ಎಂದಳು ಬಿಬಿಯಾನಾ.

ಟಾರಿ ಕೇಳಿದ. "ದುಡ್ಡು ಕೊಡೋ ಹಾಗಿಲ್ವಂತಕ್ಕ. ಮೇಲಿನಿಂದ ಆಜ್ಞೆ. ಒಂದು ಹಂದಿಗೆ ಕೊಟ್ರೆ ನಾಳೆ ದ್ವೀಪದ ಹಂದಿಗಳೆಲ್ಲ ರಸ್ತೇಲಿ ನಿಂತಿರ್ತವಂತೆ."

"ಹಾಗಾದ್ರೆ ಹಂದೀನೇ ಕೊಡ್ಲಿ."

"ಹಂದಿ ಇಲ್ವಂತೆ. ಡಬ್ಬಿ ಮೀನು ಇದೆಯಂತೆ."

ಅಷ್ಟರಲ್ಲಿ ಎರಡು ಕಡೆಯವರೂ ಬಂದು ಹಂದಿಯ ಆಚೆಗೊಂದು ಈಚೆಗೊಂದು ಸಾಲಾಗಿ ನಿಂತರು. ಕಾಡಿನ ಹುಡುಗರ ನಾಯಕ ಬ್ಲೇಸ್ ಬಗ್ಗಿ ಹಂದಿಯ ಕತ್ತು ನೋಡಿದ. "ಇದನ್ನ ಯಾರೋ ಬಿಚ್ಚಿಬಿಟ್ಟಿದ್ದಾರೆ. ಸಭೆ ಕೆಡಿಸೋಕೇ ಮಾಡಿದ್ದು ಇದು."

"ನಮ್ಮ ಕಡೆ ಯಾಕೆ ನೋಡ್ತೀಯ?" ಎಂದ ಕಾವಲು ಪಡೆಯ ಮೋರು. "ರಾತ್ರೋರಾತ್ರಿ ಹಂದಿ ಬಿಚ್ಕೊಂಡು ಹೋಗೋದು ನಿಮ್ಮ ಕಸುಬು."

"ನೀವು ಬಿಚ್ತಾ ಇರ್ಲಿಲ್ಲ ಬಿಡು. ಗೂಟದ ಸಮೇತ ಕಿತ್ಕೊಂಡು ಹೋಗ್ತಿದ್ರಿ."

ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು. ಕ್ಯಾಪ್ಟನ್ ಪೆನ್ನು ತೆಗೆದ. ಬಿಬಿಯಾನಾ ಬ್ಯಾನರಿನ ಕಡೆ ಕೈ ಎತ್ತಿದಳು. ತನ್ನ ಹಗ್ಗ ಎಲ್ಲಿದ್ದರೂ ಅವಳು ಗುರುತಿಸುತ್ತಿದ್ದಳು. ಆ ಕೈಯನ್ನು ಹಿಡಿದು ಕೆಳಗಿಳಿಸಿದವನು ಅವಳ ತಾಯಿಯ ತಮ್ಮ, ಸಬೀನುಸ್ ಮಾವ. ಹೊಸ ಮಂಡಳಿಯ ಅಧ್ಯಕ್ಷನಾಗಬೇಕಾದವನು.

"ಈಗ ಹೇಳ್ಬೇಡ ಮಗಳೇ," ಎಂದ ಅವನು ಅವಳ ಕಿವಿಯಲ್ಲಿ. "ಹೇಳಿದ್ರೆ ಬ್ಯಾನರ್ ಇಳಿಸ್ಬೇಕಾಗತ್ತೆ."

"ಇಳಿಸಿ ಮಾವ! ನನ್ನ ಹಗ್ಗ ಅದು!"

"ಬಿಚ್ಚಿದ್ದು ನಾನೇ ಕಣೇ. ಅಧ್ಯಕ್ಷನಾಗೋನು ಹಂದಿ ಬಿಚ್ಚಿದ ಅಂದ್ರೆ ಎರಡು ಕಡೆಯೋರೂ ಎದ್ದು ಹೋಗ್ತಾರೆ. ಮತ್ತೆ ಗುಂಡು ಹಾರತ್ತೆ. ನಿನ್ನಿಂದ ಯುದ್ಧ ಶುರುವಾಯ್ತು ಅನ್ನಿಸ್ಕೊಳ್ತೀಯಾ? ನೀನೇ ಸರಿಯಾಗಿ ಕಟ್ಟಿರ್ಲಿಲ್ಲ ಅಂದ್ಬಿಡು, ಮುಗೀತು."

ಬಿಬಿಯಾನಾ ಮಾವನನ್ನು ನೋಡಿದಳು. ಗಂಟು ಎಷ್ಟು ಗಟ್ಟಿ ಇತ್ತೆಂದರೆ ಅದನ್ನು ಬಿಚ್ಚಲು ಅವನ ಉಗುರು ಕಿತ್ತುಹೋಗಿದ್ದು ಕಾಣುತ್ತಿತ್ತು. ಯುದ್ಧ ಶುರುಮಾಡುವಾಗ ಯಾರೂ ಅವಳನ್ನು ಕೇಳಿರಲಿಲ್ಲ. ನಿಲ್ಲಿಸುವುದಕ್ಕೆ ಮಾತ್ರ ಅವಳೇ ಬೇಕು.

"ನಾನೇ ಸರಿಯಾಗಿ ಕಟ್ಟಿರ್ಲಿಲ್ಲ," ಎಂದಳು, ಹಲ್ಲು ಕಚ್ಚಿಕೊಂಡು.

ಬ್ಲೇಸ್ ಮೋರುವಿನ ಮುಖ ನೋಡಿದ. "ಹೆಂಗಸರ ಗಂಟು," ಎಂದ ಮೋರು. ಇಬ್ಬರೂ ನಕ್ಕರು. ಯುದ್ಧ ಶುರುವಾದಾಗಿನಿಂದ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು. ಕ್ಯಾಪ್ಟನ್ ಸಂತೋಷದಿಂದ ಅದನ್ನು ಬರೆದುಕೊಂಡ.

ಬಿಸಿಲೇರುತ್ತಿತ್ತು. ಹಂದಿ ನಾಳೆಯವರೆಗೆ ಉಳಿಯುವ ಮಾಂಸವಲ್ಲ. ಇವತ್ತೇ ಬೇಯಬೇಕು ಎಂದು ಬ್ಲೇಸ್ ಹೇಳಿದ. ಬೆಂದರೆ ಎಲ್ಲರೂ ತಿನ್ನಬೇಕು ಎಂದು ಮೋರು ಹೇಳಿದ. ಇದು ಅವರು ಒಪ್ಪಿದ ಎರಡನೆಯ ವಿಷಯ. ಗುಂಡಿ ತೋಡಿ ಕಲ್ಲು ಕಾಯಿಸಿದರು. ಬಾಳೆಎಲೆ ಯಾರ ತೋಟದಿಂದ ತರುವುದು ಎಂಬ ಪ್ರಶ್ನೆಯೂ ಬೇಗ ತೀರಿತು. ಬಿಬಿಯಾನಾಳದೇ ಹತ್ತಿರವಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಯಾಪ್ಟನ್‌ನ ಮನಸ್ಸು ಚುಚ್ಚುತ್ತಿತ್ತು. ಈ ದ್ವೀಪದಲ್ಲಿ ತಪ್ಪಾದರೆ ರಾಜಿ ಮಾಡಿಕೊಳ್ಳುವ ಪದ್ಧತಿ ಉಂಟೆಂದು ಅವನಿಗೆ ತರಬೇತಿಯಲ್ಲಿ ಹೇಳಿದ್ದರು. ಆ ಪದ್ಧತಿಯ ಪ್ರಕಾರವೇ ನಡೆಯಲಿ ಎಂದ. ಅಕ್ಕಿಯ ಮೂಟೆಯನ್ನೂ ಡಬ್ಬಿ ಮೀನಿನ ಪೆಟ್ಟಿಗೆಯನ್ನೂ ಜೀಪಿನಿಂದ ಇಳಿಸಿದ. ಕುಲದ ಹಿರಿಯನಾಗಿ ಸಬೀನುಸ್ ಮಾವ ಅದನ್ನು ಸ್ವೀಕರಿಸಿದ. ಆಮೇಲೆ ಕೆಮ್ಮಿದ.

"ಈಗ ನಮ್ಮ ಕಡೆಯಿಂದ ಒಂದು ಹಂದಿ ಕೊಡ್ಬೇಕು ಮಗಳೇ."

"ಏನು? ಸತ್ತಿರೋದು ನನ್ನ ಹಂದಿ ಮಾವ!"

"ಸತ್ತಿದ್ದು ನಿನ್ನದೇ, ಯಾರು ಇಲ್ಲ ಅಂದ್ರು? ತಪ್ಪು ಮಾಡಿದೋರು ಕೊಡ್ತಾರೆ, ನೊಂದೋರು ತಿರುಗಿ ಕೊಡ್ತಾರೆ. ಕೋಪ ಉಳಿದಿಲ್ಲ ಅಂತ ತೋರ್ಸೋಕೆ."

"ಕೋಪ ಉಳಿದಿದೆ!"

"ಅದಕ್ಕೇ ಕೊಡು ಅಂದಿದ್ದು. ಕೊಟ್ರೆ ಹೋಗತ್ತೆ."

ನಾದಿನಿ ಅಗಾಥಾ ಅಲ್ಲೇ ಇದ್ದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು. "ಕೊಟ್ಟುಬಿಡಿ ಅತ್ತಿಗೆ. ಊರಿನ ಮಾನದ ಪ್ರಶ್ನೆ. ನಾಳೆಯ ಊಟಕ್ಕೇನು ಅವಸರ? ಅಣ್ಣ ಎಲ್ಲಿಗೂ ಹೋಗಲ್ಲ."

ಬಿಬಿಯಾನಾಳ ಮನೆಯಲ್ಲಿ ಉಳಿದಿದ್ದದ್ದು ಒಂದು ಬಡಕಲು ಹೆಣ್ಣು ಹಂದಿ. ಮಳೆಗಾಲ ಕಳೆದ ಮೇಲೆ ಮರಿ ಹಾಕೀತೆಂದು ಕಾದಿದ್ದಳು. ಅದನ್ನು ಎಳೆದುಕೊಂಡು ಹೋಗಿ ಕ್ಯಾಪ್ಟನ್‌ಗೆ ಕೊಟ್ಟರು, ಅವನು ಅದನ್ನೂ ಗುಂಡಿಗೇ ಬಿಟ್ಟುಕೊಟ್ಟ. ಎರಡು ಕಡೆಯ ನಾಯಕರು, ಕ್ಯಾಪ್ಟನ್, ಮಾವ ಎಲ್ಲರೂ ಕೈ ಕುಲುಕಿದರು. ಅಡಿಕೆ ಹಂಚಿಕೊಂಡು ಅಗಿದರು, ಕೆಂಪಗೆ ಉಗಿದರು. ಬಿಬಿಯಾನಾಳಿಗೂ ಒಂದು ಹೋಳು ಸಿಕ್ಕಿತು. ಸಭೆಗೆ ಬೆನ್ನು ಮಾಡಿ ಕೂತು ಅಗಿದಳು. ಕಹಿಯಾಗಿತ್ತು.

ಬೆನ್ನ ಹಿಂದೆ ಭಾಷಣ ನಡೆಯಿತು. ರುಜು ಬಿತ್ತು. ಸಬೀನುಸ್ ಮಾವ ಅಧ್ಯಕ್ಷನಾದ. ಆಮೇಲೆ ಗುಂಡಿ ತೆರೆದರು, ಕಲ್ಲಿನ ಆವಿಯ ಜೊತೆ ಮಾಂಸದ ವಾಸನೆ ಬಂತು. ಮುಖ ನೋಡದಿದ್ದರೂ ಕಿವಿಗೆ ಎಲ್ಲ ತಿಳಿಯುತ್ತದೆ. ಯಾರು ಮೂಳೆ ಚೀಪುತ್ತಿದ್ದಾರೆ, ಯಾರು ಇನ್ನೊಂದು ತುಂಡಿಗೆ ಕೈ ಚಾಚಿದ್ದಾರೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಎಡಗಡೆ ಚಪ್ಪರಿಸುತ್ತಿದ್ದದ್ದು ಲಿನುಸ್‌ನ ದೊಡ್ಡಮ್ಮ. ಅವಳ ಪಕ್ಕದಲ್ಲಿ ಅವನ ಸೋದರಳಿಯಂದಿರು. "ಕೊಬ್ಬಿರೋದು ಇಲ್ಲಿ ಹಾಕ್ರೋ," ಎಂದದ್ದು ಅಗಾಥಾ.

ಬಿಬಿಯಾನಾ ಅಗಿಯುವುದನ್ನು ನಿಲ್ಲಿಸಿದಳು. ಗಂಡನ ಕುಲದವರು ಎಲ್ಲರೂ ಇಲ್ಲೇ ಇದ್ದಾರೆ. ತಿನ್ನುತ್ತಿರುವುದು ಅದೇ ಹಂದಿ. ಅವಳ ಎದೆಯೊಳಗೆ ಏನೋ ಒಂದು, ಬಹಳ ದಿನದಿಂದ ಮುದುಡಿ ಕೂತಿದ್ದದ್ದು, ಎದ್ದು ಮೈ ಮುರಿಯಿತು.

ಅವಳು ಎದ್ದು ತಿರುಗಿ ನಿಂತಳು. ನಾಲ್ಕು ವರ್ಷದ ಮೇಲೆ ಊರು ಅವಳ ಮುಖವನ್ನು ಸಭೆಯಲ್ಲಿ ಕಂಡಿತು. ಮೂಳೆಗಳು ಬಾಯಿಯ ಹತ್ತಿರವೇ ನಿಂತವು.

"ಅಗಾಥಾ, ಹೊಟ್ಟೆ ತುಂಬ್ತಾ?"

"ತುಂಬ್ತು ಅತ್ತಿಗೆ," ಎಂದಳು ಅಗಾಥಾ, ಗಾಬರಿಯಲ್ಲಿ ನಿಜ ಹೇಳಿ.

"ದೊಡ್ಡಮ್ಮಾ, ನಿಮಗೆ? ನಾಳೆ ನೀವು ತಿನ್ಬೇಕಾಗಿದ್ದ ಹಂದಿ ಇದು. ಇವತ್ತು ತಿಂದ್ರಿ. ಅದರ ಮೇಲೆ ಇನ್ನೊಂದನ್ನೂ ತಿಂದ್ರಿ. ಲಿನುಸ್‌ನ ಕುಲದಲ್ಲಿ ತಿನ್ನದೇ ಉಳಿದೋರು ಯಾರಾದ್ರೂ ಇದ್ರೆ ಕೈ ಎತ್ತಿ. ಇಲ್ವಾ? ಹಾಗಾದ್ರೆ ನನ್ನ ಶೋಕ ಬಿಡಿಸಿ. ಈಗಲೇ. ಇಲ್ಲೇ."

ಎಲ್ಲರ ಗಲ್ಲದ ಮೇಲೂ ಜಿಡ್ಡು ಹೊಳೆಯುತ್ತಿತ್ತು, ಇಲ್ಲವೆನ್ನುವುದು ಕಷ್ಟವಾಗಿತ್ತು. ಕೊನೆಗೆ ದೊಡ್ಡಮ್ಮ ಮೂಳೆ ಕೆಳಗಿಟ್ಟಳು. "ಹುಡುಗಿ ಹೇಳೋದು ಸರಿ ಕಣ್ರೋ. ತಿಂದಿದ್ದೀವಿ. ನಮ್ಮ ಲಿನುಸೂ ಇನ್ನು ಸಾಕು ಅಂತಿದ್ದ. ಕತ್ತರಿ ತನ್ನಿ."

ನಾಳೆಗೆಂದು ಹೇಳಿಟ್ಟಿದ್ದ ಕತ್ತರಿ ಇನ್ನೂ ಊರಿಗೆ ಬಂದಿರಲಿಲ್ಲ. ಹಳದಿ ಅಂಗಿಯವರ ಔಷಧಿ ಪೆಟ್ಟಿಗೆಯಲ್ಲಿತ್ತು. ಕ್ಯಾಪ್ಟನ್ ತಾನೇ ತಂದು ಎರಡು ಕೈಯಲ್ಲಿ ಹಿಡಿದು ಕೊಟ್ಟ. ಬಿಬಿಯಾನಾ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು. ಅಗಾಥಾ ಎಡ ಕಿವಿಯ ಮೇಲಿನಿಂದ ಶುರುಮಾಡಿದಳು. ಕೂದಲಿನ ಗಂಟುಗಳು ತೊಡೆಯ ಮೇಲೆ ಬಿದ್ದವು. ಕುತ್ತಿಗೆಗೆ ಗಾಳಿ ತಾಗಿತು. ಗಾಳಿಗೆ ಇಷ್ಟು ತಣ್ಣನೆಯ ಬೆರಳುಗಳಿರುತ್ತವೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಬೇಡವೆಂದರೂ ಗಂಟಲಿನಲ್ಲಿ ಒಂದು ಹಾಡು ಮಿಸುಕಾಡಿತು.

ಕ್ಯಾಪ್ಟನ್ ಟಾರಿಯನ್ನು ಕೇಳಿದ, ಇದು ಯಾವ ಪದ್ಧತಿ? ಟಾರಿ ಹೇಳಿದ. ಸತ್ತ ಗಂಡ, ಶೋಕ, ನಾಳೆ ಆಗಬೇಕಿದ್ದ ಊಟ, ಅದಕ್ಕೆಂದೇ ಸಾಕಿದ್ದ ಹಂದಿ, ಎಲ್ಲವನ್ನೂ ಹೇಳಿದ. ಕೇಳುತ್ತಾ ಕೇಳುತ್ತಾ ಕ್ಯಾಪ್ಟನ್‌ನ ಕೆಂಪು ಮುಖ ಬಿಳಿಯಾಯಿತು.

ಅವನು ಒಳ್ಳೆಯ ಮನುಷ್ಯ. ಅದೇ ತೊಂದರೆ. ಟೋಪಿ ತೆಗೆದು ಸಭೆಯ ನಡುವೆ ಬಂದು ನಿಂತ. ತಾನು ಕೊಂದದ್ದು ಬರೀ ಹಂದಿ ಎಂದುಕೊಂಡಿದ್ದೆ, ಅದು ತೀರಿಹೋದವರ ಪಾಲಿನದೆಂದು ಗೊತ್ತಿರಲಿಲ್ಲ, ಇದು ಘೋರ ತಪ್ಪು, ಶ್ರೀ ಲಿನುಸ್ ಅವರಲ್ಲೂ ಅವರ ಇಡೀ ಕುಲದಲ್ಲೂ ಕ್ಷಮೆ ಬೇಡುತ್ತೇನೆ ಎಂದ. ಟಾರಿ ಸಾಧ್ಯವಾದಷ್ಟು ಮೆಲ್ಲಗೆ ಅನುವಾದಿಸಿದ. ಆದರೂ ಎಲ್ಲರಿಗೂ ಕೇಳಿಸಿತು.

ಅಗಾಥಾಳ ಕತ್ತರಿ ನಿಂತಿತು.

"ಕತ್ತರಿಸೇ," ಎಂದಳು ಬಿಬಿಯಾನಾ ಕಣ್ಣು ತೆರೆಯದೆ.

"ಹೇಗೆ ಕತ್ತರಿಸ್ಲಿ ಅತ್ತಿಗೆ? ನಾವೇನೋ ಆಕಸ್ಮಿಕ ಅಂದ್ಕೊಂಡಿದ್ವಿ. ಅಣ್ಣನಿಗೆ ಅವಮಾನ ಆಗಿದೆ ಅಂತ ಈಗ ಅವರೇ ಬಾಯಿಬಿಟ್ಟು ಹೇಳ್ತಿದ್ದಾರೆ."

"ಹೌದಲ್ಲ," ಎಂದಳು ದೊಡ್ಡಮ್ಮ. "ತಪ್ಪಾಗಿದೆ ಅಂತ ಸಭೇಲಿ ಹೇಳಿದ ಮೇಲೆ ಅದು ತೀರದೆ ಶೋಕ ಬಿಡಿಸೋ ಹಾಗಿಲ್ಲ. ಲಿನುಸ್ ಸುಮ್ನಿರಲ್ಲ."

"ಅವನು ಸುಮ್ನಿರ್ತಾನೆ! ಅವನು ಯಾವಾಗ್ಲೂ ಸುಮ್ನೇ ಇದ್ದೋನು!"

ಹೊಸ ಅಧ್ಯಕ್ಷನ ಮೊದಲ ತೀರ್ಪು ಅಲ್ಲೇ ಆಯಿತು. ಸಬೀನುಸ್ ಮಾವ ಎದ್ದು ಗಂಟಲು ಸರಿಪಡಿಸಿಕೊಂಡ. "ಇನ್ನೊಂದು ರಾಜಿ ಆಗ್ಬೇಕು. ಹಳದಿ ಅಂಗಿಯವರು ಲಿನುಸ್‌ನ ಕುಲಕ್ಕೆ ಅಕ್ಕಿ, ಮೀನು ಕೊಡ್ಲಿ. ಕೋಪ ಉಳಿದಿಲ್ಲ ಅಂತ ತೋರ್ಸೋಕೆ ಲಿನುಸ್‌ನ ಮನೆಯಿಂದ ತಿರುಗಿ ಒಂದು ಹಂದಿ ಕೊಡ್ಬೇಕು."

"ಲಿನುಸ್‌ನ ಮನೆ ಯಾವುದು ಮಾವ?" ಎಂದಳು ಬಿಬಿಯಾನಾ.

ಮಾವ ಬೇರೆ ಕಡೆ ನೋಡಿದ. ಅಗಾಥಾ ಕತ್ತರಿಯನ್ನು ಒರೆಸಿ ಕ್ಯಾಪ್ಟನ್‌ಗೆ ವಾಪಸು ಕೊಟ್ಟಳು.

ಬಿಬಿಯಾನಾ ಎದ್ದಳು. ತಲೆಯ ಎಡಗಡೆ ಬೋಳು, ಬಲಗಡೆ ಭುಜದವರೆಗೆ ಶೋಕ. ನೇರವಾಗಿ ಕ್ಯಾಪ್ಟನ್‌ನ ಎದುರು ಹೋಗಿ ನಿಂತಳು. ಇಷ್ಟು ವರ್ಷ ಗೋಡೆಗೆ, ಮರಕ್ಕೆ, ಬೇಲಿಗೆ ಮುಖ ಮಾಡಿ ಕೂತಾಗ ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ನಿನ್ನ ಶಾಂತಿಗೆ ಬೆಂಕಿ ಹಾಕ! ಯುದ್ಧ ಮಾಡಿದೋರೂ ನನ್ನ ಹಂದಿ ತಿಂದ್ರು, ಯುದ್ಧ ನಿಲ್ಲಿಸಿದೋರೂ ನನ್ನ ಹಂದಿ ತಿಂದ್ರು. ಗುಂಡು ಹೊಡೆದೋನು ಒಬ್ಬನೂ ನನ್ನ ಕ್ಷಮೆ ಕೇಳಲಿಲ್ಲ. ನೀನೊಬ್ಬ ಸಿಕ್ಕಿದೆ, ಕೇಳಿ ಕೇಳಿ ನನ್ನನ್ನ ಹಾಳು ಮಾಡೋಕೆ. ಬಾಯಿ ಮುಚ್ಕೊಂಡು ಇನ್ನೊಂದು ಗಳಿಗೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹೋಗು, ನಿನ್ನ ಜೀಪು ಹತ್ತು, ಸಮುದ್ರಕ್ಕೆ ಬೀಳು!"

ಕ್ಯಾಪ್ಟನ್ ಕಣ್ಣಲ್ಲಿ ನೀರು ತುಂಬಿಕೊಂಡು ಟಾರಿಯ ಕಡೆ ತಿರುಗಿದ. ಆಕೆ ಏನು ಹೇಳಿದರು?

ಟಾರಿ ಬ್ಲೇಸ್‌ನನ್ನು ನೋಡಿದ, ಮೋರುವನ್ನು ನೋಡಿದ, ರುಜುವಿನ ಶಾಯಿ ಇನ್ನೂ ಆರದ ಕಾಗದವನ್ನು ನೋಡಿದ.

"ಕ್ಷಮಿಸಿದ್ದಾರಂತೆ ಸರ್," ಎಂದ. "ಹಂದಿ ಯಾವತ್ತು ತರಲಿ ಅಂತ ಕೇಳ್ತಿದ್ದಾರೆ."