ಆಟಕ್ಕೊಂದು ಕಂಪ್ಯೂಟರು, ಅದಕ್ಕೆ ಯಾವೂರ ನೀರು?

ನಂಜನಗೂಡು: ಪಟ್ಟಣದ ಒಂದು ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಗಂಭೀರ ಘಟನೆಯೊಂದು ನಡೆದಿದೆ. ಐವತ್ತು ದಾಟಿದ, ಸರ್ಕಾರಿ ನೌಕರಿಯಲ್ಲಿರುವ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ವಿವಾಹಿತ ಮಹಿಳೆಯೊಬ್ಬರು, ಆಟ ಆಡುವುದಕ್ಕೆಂದೇ ಒಂದು ಭಾರಿ ಕಂಪ್ಯೂಟರಿನ ಭಾಗಗಳನ್ನು ತಾವೇ ಆರಿಸಿ, ತಾವೇ ಜೋಡಿಸಿಕೊಳ್ಳುವುದಾಗಿ ಮನೆಯವರಿಗೆ ತಿಳಿಸಿದ್ದಾರೆ. ಕಾಫಿಯ ಲೋಟವೊಂದು ಉರುಳಿದ್ದು ಬಿಟ್ಟರೆ ಹೆಚ್ಚಿನ ಹಾನಿಯಾಗಿಲ್ಲ.

ಆ ಮಹಿಳೆ ನಾನು. ಲೋಟ ನನ್ನ ಗಂಡನದು.

ನಾನು ಏನಾದರೂ ಕೊಳ್ಳುತ್ತೇನೆ ಎಂದರೆ ಇಂಥವು ನಡೆಯುತ್ತಲೇ ಇರುತ್ತವೆ. ಮಿಕ್ಸಿ ಕೊಂಡಾಗ ನಡೆದವು, ಸ್ಕೂಟರ್ ಕೊಂಡಾಗ ನಡೆದವು. ಆದರೆ ಮಿಕ್ಸಿಯನ್ನು ಚಟ್ನಿ ಕಾಪಾಡಿತು, ಸ್ಕೂಟರನ್ನು ಕಚೇರಿ ಕಾಪಾಡಿತು. ಈ ಸಲ ನನ್ನ ಹತ್ತಿರ ಯಾವ ಸಬೂಬೂ ಇರಲಿಲ್ಲ. ನನಗೆ ಕಾರ್ ರೇಸಿನ ಆಟ ಇಷ್ಟ, ಅಷ್ಟೆ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆಡಿದರೆ ಸರಿಯಾಗಿ ತಿರುವು ಬರುವ ಹೊತ್ತಿಗೆ ಪರದೆ ನಿಂತುಬಿಡುತ್ತಿತ್ತು. ಅದು ಮತ್ತೆ ಚಲಿಸುವಷ್ಟರಲ್ಲಿ ನನ್ನ ಕಾರು ಹಳ್ಳದಲ್ಲಿರುತ್ತಿತ್ತು. ವರ್ಷಗಟ್ಟಲೆ ಹಳ್ಳದಲ್ಲಿದ್ದವಳು ಮೇಲೆ ಬರಲು ತೀರ್ಮಾನಿಸಿದೆ. ನನಗೆ ನಾನೇ ಎರಡು ಷರತ್ತು ಹಾಕಿಕೊಂಡೆ. ಭಾಗಗಳನ್ನು ಬೇರೆ ಯಾರೂ ಆರಿಸಬಾರದು. ಏತಕ್ಕೆ ಎಂದು ಯಾರೇ ಕೇಳಿದರೂ ‘ಆಟಕ್ಕೆ’ ಎಂದೇ ಹೇಳಬೇಕು.

ಮೊದಲನೆಯದು ಅಷ್ಟೇನೂ ಕಷ್ಟವಾಗಲಿಲ್ಲ.

೧. ಮರ್ಯಾದಸ್ಥ ಕಾರಣ

ನನ್ನ ಗಂಡನಿಗೆ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರ ಚಿಂತೆಯೆಲ್ಲ ಬಸ್ಸಿನದೇ.

“ಬಸ್ಸಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?”

“ಆಟ ಆಡೋಕೆ ಅನ್ನಿ.”

“ಹೆಂಡ್ತಿ ಆಟ ಆಡ್ತಾಳೆ ಅಂತ ಹೇಳಕ್ಕಾಗುತ್ತೇನೇ? ನನ್ ಹತ್ರ ಗೊಬ್ಬರ ತಗೊಳ್ಳೋ ಜನ ಏನಂದ್ಕೊಳಲ್ಲ?”

“ನಾನು ಆಡಿದ್ರೆ ಯೂರಿಯಾ ಕೆಡುತ್ತೇನ್ರೀ?”

ಅವರು ಬಸ್ಸಿನಲ್ಲಿ, ‘ಆಫೀಸಿನ ಕೆಲಸ ಮನೆಯಲ್ಲೇ ಮಾಡಲಿಕ್ಕೆ’ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡರು. ನಾನಿರುವುದು ತಾಲ್ಲೂಕು ಕಚೇರಿಯಲ್ಲಿ. ಪರಿಣಾಮವಾಗಿ ಮುಂದಿನ ಭಾನುವಾರವೇ ಬದನವಾಳು ಕಡೆಯ ರೈತರೊಬ್ಬರು ಕಾಗದದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಅಮ್ಮಾವ್ರೇ, ಮನೇಲೇ ಕಂಪ್ಯೂಟರ್ ಆಕುಸ್ತಾ ಇದ್ದೀರಂತಲ್ಲ. ನಮ್ಮಪ್ಪನ ಯೆಸ್ರಲ್ಲಿರೋ ಪಹಣಿ ನನ್ ಯೆಸ್ರಿಗೆ ಮಾಡ್ಕೊಟ್ಬುಡಿ.”

“ಕಂಪ್ಯೂಟರ್ ಇನ್ನೂ ಬಂದಿಲ್ಲ. ಬಂದ್ರೂ ಅದರಲ್ಲಿ ಪಹಣಿ ಬರಲ್ಲ.”

“ಮತ್ತಿನ್ನೇನು ಬತ್ತದೆ?”

“ಕಾರು. ಕಾರು ಓಡಿಸೋಕೆ ಅಂತಲೇ ತಗೋತಿರೋದು.”

ಅವರು ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಮುಖ ಅರಳಿತು.

“ಅಂಗಾದ್ರೆ ನಮ್ಮ ಅಳಿಯ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡವ್ನೆ. ಅದ್ರ ಆರ್‌ಸಿನಾದ್ರೂ ಮಾಡ್ಕೊಡಿ.”

೨. ವಯಸ್ಸಿಗೆ ತಕ್ಕದ್ದು

ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಾದ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ನನ್ನನ್ನು ಪಕ್ಕಕ್ಕೆ ಕರೆದು ಕಳಕಳಿಯಿಂದ ಹೇಳಿದರು: “ಮೇಡಂ, ತಪ್ಪು ತಿಳ್ಕೋಬೇಡಿ. ಆಟ ಎಲ್ಲಾ ಒಂದು ವಯಸ್ಸು. ಈಗ ನಮ್ಮಂಥೋರು ನಾಲ್ಕು ಪುಣ್ಯಕ್ಷೇತ್ರ ನೋಡಬೇಕು. ಹೋದ ವರ್ಷ ನಾವೆಲ್ಲಾ ಸೇರಿ ಕಾಶೀಗೆ ಹೋಗ್ಬಂದ್ವಿ. ಎಂಥಾ ನೆಮ್ಮದಿ ಅಂತೀರಾ!”

“ಅಷ್ಟು ದೂರ ರೈಲಲ್ಲಿ ಬೇಜಾರಾಗಲಿಲ್ವಾ ಸಾರ್?”

“ಎಲ್ಲಿ ಬೇಜಾರು? ಹೋಗ್ತಾ ಬರ್ತಾ ಇಸ್ಪೀಟು. ಕಾಶಿ ಬಂದಿದ್ದೇ ಗೊತ್ತಾಗಲಿಲ್ಲ.”

೩. ಪ್ರಿಂಟರ್ ಕಡ್ಡಾಯ

ಮೊದಲು ನಮ್ಮ ಊರಿನ ಅಂಗಡಿಯಲ್ಲೇ ವಿಚಾರಿಸಿದೆ. ಸ್ವಂತ ಊರಿಗೆ ಒಂದು ಅವಕಾಶ ಕೊಡಬೇಕು ಎನ್ನುವುದು ನನ್ನ ಸಿದ್ಧಾಂತ. ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ, “ಮೇಡಂ, ಪ್ಯಾಕೇಜ್ ಇದೆ. ಕಂಪ್ಯೂಟರು, ಪ್ರಿಂಟರು, ಯುಪಿಎಸ್ಸು, ಟೇಬಲ್ಲು. ಟೇಬಲ್ಲಿಗೆ ಚಕ್ರ ಇದೆ” ಎಂದರು.

“ನನಗೆ ಬಿಡಿ ಭಾಗ ಬೇಕು. ಪ್ರೊಸೆಸರ್ ಒಂದು ಕಂಪನಿದು, ಬೋರ್ಡ್ ಇನ್ನೊಂದರದು, ಗ್ರಾಫಿಕ್ಸ್ ಕಾರ್ಡ್ ಮತ್ತೊಂದರದು. ನಾನೇ ಜೋಡಿಸ್ಕೋತೀನಿ.”

“ಯಾಕೆ ಮೇಡಂ? ಈಗಿರೋದು ಏನಾಗಿದೆ, ರಿಪೇರಿನಾ?”

“ರಿಪೇರಿ ಅಲ್ಲ. ಹೊಸದು ಕಟ್ತಿದ್ದೀನಿ.”

“ಕಟ್ಟಿರೋದೇ ಇದೆಯಲ್ಲ ಮೇಡಂ, ಚಕ್ರ ಸಮೇತ.”

ಕಾಲು ಗಂಟೆ ವಾದವಾಯಿತು. ಪಾಪ, ಅವರು ಬಹಳ ಬಿಟ್ಟುಕೊಟ್ಟರು. ಟೇಬಲ್ ಬಿಟ್ಟರು. ಯುಪಿಎಸ್ ಬಿಟ್ಟರು. ಬೋರ್ಡು ತರಿಸಿಕೊಡುತ್ತೇನೆ ಎಂದೂ ಒಪ್ಪಿದರು. ಪ್ರಿಂಟರ್ ಮಾತ್ರ ಬಿಡಲಿಲ್ಲ.

“ಪ್ರಿಂಟರ್ ಇಲ್ದೆ ಕಂಪ್ಯೂಟರ್ ಇಟ್ಕೊಂಡು ಏನ್ ಮಾಡ್ತೀರಾ ಮೇಡಂ?”

“ಆಟ ಆಡ್ತೀನಿ.”

“ಆಡಿ, ಯಾರು ಬೇಡ ಅಂದ್ರು? ಆಡಿ ಆದ್ಮೇಲೆ ಪ್ರಿಂಟ್ ತೆಗೀಬೇಕಲ್ಲ?”

೪. ಗಾಳಿಯ ಹಂಚಿಕೆ

ನಮ್ಮ ಅತ್ತೆ ಮೊದಲಿಗೆ ತಟಸ್ಥರಾಗಿದ್ದರು. ನಾನು ಮೊಬೈಲಿನಲ್ಲಿ ಕ್ಯಾಬಿನೆಟ್ಟಿನ ಚಿತ್ರ ತೋರಿಸಿದೆ. ಗಾಜಿನ ಪೆಟ್ಟಿಗೆ, ಮುಂದೆ ಮೂರು ಫ್ಯಾನು, ಹಿಂದೆ ಒಂದು. ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಮೂರು.

“ಇಷ್ಟೊಂದು ಫ್ಯಾನು ಯಾಕವ್ವ?”

“ಆಡುವಾಗ ಬಿಸಿಯಾಗುತ್ತೆ ಅತ್ತೆ, ಅದಕ್ಕೆ.”

ಅತ್ತೆ ತಲೆಯೆತ್ತಿ ನಡುಮನೆಯ ಸೀಲಿಂಗ್ ಫ್ಯಾನನ್ನು ನೋಡಿದರು. ಅದು ತಿರುಗುತ್ತಿತ್ತು ಎನ್ನುವುದಕ್ಕೆ ಅದರ ಕಿರುಗುಟ್ಟುವಿಕೆಯಷ್ಟೇ ಸಾಕ್ಷಿ. ಆಮೇಲೆ ಮಗನನ್ನು ಕರೆದರು.

“ಲೋ, ಬಾ ಇಲ್ಲಿ. ಯುಗಾದಿಯಿಂದ ಸೆಕೆ ಸೆಕೆ ಅಂತ ಬಡ್ಕೊತಾವ್ನಿ. ಫ್ಯಾನ್ ಬದ್ಲಾಯಿಸ್ತೀನಿ ಅಂತ ಯೋಳ್ತಾನೇ ಇದ್ದೀಯ. ಇವ್ಳು ನೋಡು, ಇನ್ನೂ ಬರದೇ ಇರೋ ಪೆಟ್ಗೆಗೇ ಫ್ಯಾನ್ ಆಕುಸ್ತಾವ್ಳೆ. ಯಾರ್ಗೆ ಜವಾಬ್ದಾರಿ ಅದೆ ಅಂತ ನೀನೇ ಯೋಳು.”

ಅಂದಿನಿಂದ ಅತ್ತೆ ನನ್ನ ಪಕ್ಷ. ಒಂದೇ ಷರತ್ತು: ಪೆಟ್ಟಿಗೆಯ ಮುಖ ಅವರ ಮಂಚದ ಕಡೆಗಿರಬೇಕು.

೫. ಟವೆಲಿನ ಕೆಳಗೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಮೈಸೂರಿಗೆ ಹೊರಟೆ. ಒಬ್ಬಳೇ ಹೋಗುತ್ತೇನೆ ಎಂದೆ. ನಮ್ಮ ಮನೆತನದಲ್ಲಿ ಬೆಲೆಯುಳ್ಳದ್ದನ್ನು ಒಬ್ಬರೇ ಕೊಳ್ಳುವ ಪದ್ಧತಿಯಿಲ್ಲ. ಅತ್ತೆಯ ತಮ್ಮ, ನರಸೀಪುರದ ಮಾವ, ಜೊತೆಗೆ ಬರಲೇಬೇಕು. ಎತ್ತು ನೋಡಿ ಕೊಡಿಸುವುದರಲ್ಲಿ ಅವರದು ಎತ್ತಿದ ಕೈ. ಎತ್ತಿನ ಮೇಲೆ ಬಂದ ನಂಬಿಕೆ ಕ್ರಮೇಣ ಟಿವಿ, ಫ್ರಿಜ್ಜು, ಅಳಿಯಂದಿರವರೆಗೆ ಹಬ್ಬಿದೆ.

ಬಸ್ಸಿನಲ್ಲೇ ಹೇಳಿಬಿಟ್ಟೆ: “ಮಾವ, ನೋಡೋದು ನೀವು ನೋಡಿ. ಯಾವುದು ಅಂತ ನಾನು ಆಗಲೇ ಆರಿಸಿಯಾಗಿದೆ. ನೀವು ಬೇಡ ಅಂದ್ರೂ ಅದೇ.”

“ಆಗ್ಲಿ ಕಣವ್ವ. ನೋಡಕ್ಕೇನು?”

ಅಂಗಡಿಯ ಹುಡುಗ ಕಾರ್ಡನ್ನು ಗಾಜಿನ ಮೇಲಿಟ್ಟ. ಮಾವ ಅದನ್ನು ಎತ್ತಿ ತೂಕ ನೋಡಿದರು. ತಿರುವಿ ಮೂರು ಫ್ಯಾನುಗಳನ್ನು ದಿಟ್ಟಿಸಿದರು.

“ಮೂರು ಸುಳಿ. ಒಂದೇ ಸಾಲಲ್ಲಿ ಅವೆ. ದೋಷ ಇಲ್ಲ.”

ಆಮೇಲೆ ಕೆಳಗಿನ ಅಂಚಿಗೆ ಕಣ್ಣಿಟ್ಟರು. ಬೋರ್ಡಿಗೆ ಸಿಕ್ಕಿಸುವ ಆ ಅಂಚಿನಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಒತ್ತಾಗಿ ಇರುತ್ತವೆ. ಮಾವ ಎತ್ತಿನ ಹಲ್ಲು ನೋಡುವಂತೆ ಉಗುರಿನ ತುದಿಯಿಂದ ಅವನ್ನು ಸವರಿ ತಲೆಯಾಡಿಸಿದರು.

“ಅಲ್ಲು ಎಲ್ಲಾ ಬಂದು ಬಾಯಿ ಕೂಡ್ಯದೆ. ಒಳ್ಳೆ ಪ್ರಾಯ. ದುಡೀತದೆ.”

ಹುಡುಗ ನನ್ನ ಮುಖ ನೋಡಿದ. “ವಾರಂಟಿ ಮೂರು ವರ್ಷ ಇದೆ ಅಜ್ಜ” ಎಂದ.

“ವಾರಂಟಿ ನೀನೇ ಮಡಿಕ್ಕಳಪ್ಪ. ಕೈ ಕೊಡು” ಎಂದು ಮಾವ ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಮೇಲೆ ಹೊದಿಸಿದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗದಂತೆ ಟವೆಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಹುಡುಗ ಗಾಬರಿಯಿಂದ, “ಅಪ್ಪಾ, ಇವರು ನನ್ ಕೈ ಹಿಡ್ಕೊಂಡಿದ್ದಾರೆ” ಎಂದು ಕೂಗಿದ.

ಒಳಗಿನ ಕೋಣೆಯಿಂದ ಅವನ ತಂದೆ ಬಂದರು. ಟವೆಲ್ ನೋಡಿದರು. ಮಾವನನ್ನು ನೋಡಿದರು. “ಯಾವೂರು ಯಜಮಾನ್ರೇ?”

“ನರಸೀಪುರ. ತಾವು?”

“ಚಿಕ್ಕಯ್ಯನಛತ್ರ.”

ಅಷ್ಟೇ ಮಾತು. ಮಗನ ಕೈ ತೆಗೆಸಿ ತಂದೆ ತಮ್ಮ ಕೈ ಇಟ್ಟರು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ನಿಂತರು. ಒಮ್ಮೆ ತಂದೆ ನೊಂದುಕೊಂಡು ಕೈ ಎಳೆದುಕೊಂಡರು. ಮಾವ ಮತ್ತೆ ಹಿಡಿದರು. ಪಕ್ಕದಲ್ಲಿ ಕೀಬೋರ್ಡ್ ಕೊಳ್ಳಲು ಬಂದವರು ಕೀಬೋರ್ಡ್ ಮರೆತು ನಿಂತಿದ್ದರು. ಕೊನೆಗೆ ಇಬ್ಬರ ಮುಖದಲ್ಲೂ ಸಮಾಧಾನ ಕಂಡಿತು.

“ಬಿಲ್ ಹಾಕೋ” ಎಂದರು ತಂದೆ.

“ಎಷ್ಟಕ್ಕೆ ಅಪ್ಪಾ?”

ತಂದೆ ಸುತ್ತ ನಿಂತವರನ್ನೊಮ್ಮೆ ನೋಡಿ, ಮಾವನಿಂದ ಟವೆಲ್ ಈಸಿಕೊಂಡು ಮಗನ ಕೈಮೇಲೆ ಹೊದಿಸಿದರು.

೬. ಯಾವೂರ ನೀರು?

ಭಾಗಗಳೆಲ್ಲ ಬಂದವು. ಜೋಡಿಸುವ ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ, ಸ್ಕ್ರೂಡ್ರೈವರ್ ಹಿಡಿದು ಕೂತೆ. ಸುತ್ತ ಅತ್ತೆ, ಗಂಡ, ಪಕ್ಕದ ಮನೆಯಾಕೆ. ಪ್ರೊಸೆಸರ್ ತಣ್ಣಗಿಡಲು ನಾನು ಆರಿಸಿದ್ದು ನೀರಿನ ಕೂಲರ್. ಕೊಳವೆಯೊಳಗೆ ದ್ರವ ಸುತ್ತುತ್ತಿರುತ್ತದೆ. ಇದನ್ನು ನನ್ನ ಗಂಡ ಗೊಬ್ಬರದ ಅಂಗಡಿಯಲ್ಲಿ ಮಾವನಿಗೆ, ಬಸ್ಸಿನಲ್ಲಿ ಹೇಳುವ ಆಫೀಸಿನ ಕಾರಣದ ಸಮೇತ, ಹೇಳಿದ್ದರಂತೆ. ಹನ್ನೊಂದರ ಬಸ್ಸಿಗೆ ಮಾವ ಬಂದಿಳಿದರು. ಕೈಯಲ್ಲಿ ಐದು ಲೀಟರಿನ ಕ್ಯಾನು.

“ಸಂಗಮದ ನೀರು” ಎಂದು ಚಾಪೆಯ ಮೇಲಿಟ್ಟರು. “ಪೆಟ್ಗೆ ನೀರು ಕುಡೀತದಂತಲ್ಲ. ಮೊದ್ಲ ಸಲ ಕುಡಿಯೋದು, ಒಳ್ಳೇದೇ ಕುಡೀಲಿ.”

ಪಕ್ಕದ ಮನೆಯಾಕೆಗೆ ಸಹಿಸಲಾಗಲಿಲ್ಲ. “ನಂಜನಗೂಡಲ್ಲಿದ್ಕೊಂಡು ನರಸೀಪುರದಿಂದ ನೀರು ತರೋದಾ? ಕಪಿಲೆ ಇಲ್ಲೇ ಹರೀತಾಳಲ್ಲ!”

“ಸಂಗಮದಲ್ಲಿ ಕಪಿಲೇನೂ ಅವ್ಳೆ, ಕಾವೇರೀನೂ ಅವ್ಳೆ. ಮೂರನೇ ನದಿನೂ ಅದೆ. ಕಣ್ಗೆ ಕಾಣಕಿಲ್ಲ, ಅಷ್ಟೆ.”

“ಕಾಣದೇ ಇರೋದನ್ನ ಕ್ಯಾನಿಗೆ ಎಂಗ್ಲಾ ತುಂಬ್ದೆ?” ಎಂದು ಅತ್ತೆ ತಮ್ಮನನ್ನೇ ತಡೆದರು. ಹುಟ್ಟಿದ್ದು ನರಸೀಪುರವಾದರೂ ಮದುವೆಯಾದ ಮೇಲೆ ಅವರದು ಕಪಿಲೆಯ ಪಕ್ಷ.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. “ಇದಕ್ಕೆ ಯಾವ ನೀರೂ ಹಾಕೋ ಹಾಗಿಲ್ಲ. ಒಳಗೇ ತುಂಬಿ ಸೀಲ್ ಮಾಡಿ ಕಳಿಸಿರ್ತಾರೆ.”

ಮಾವ ಬಗ್ಗಿ ಕೊಳವೆಯನ್ನು ನೋಡಿದರು.

“ಒಳಗಿರೋದು ಯಾವೂರ ನೀರು?”

“ಗೊತ್ತಿಲ್ಲ ಮಾವ.”

“ಯಾವೂರ ನೀರು ಅಂತನೂ ಕೇಳ್ದೆ ಮನೆ ಒಳಕ್ಕೆ ತಂದ್ಬುಟ್ಟಾ?” ಮಾವನ ದನಿ ಏರಿತು. “ಇದ್ನ ವಾಪಸ್ ಕೊಟ್ಟು ಬೇರೇದು ತರ್ಸು. ನಮ್ಮ ನೀರು ಇಡಿಯೋ ಅಂಥದ್ದು ಸಿಕ್ಕೇ ಸಿಗ್ತದೆ.”

“ಕೊಡಲ್ಲ. ನಾನು ಆರಿಸಿದ್ದು ಇದೇ, ಹಾಕೋದೂ ಇದೇ.”

ಮನೆಯಲ್ಲಿ ಮಾವನಿಗೆ ಎದುರಾಡಿದವರಿಲ್ಲ. ನನ್ನ ಗಂಡ ಅವಸರವಾಗಿ ನಡುವೆ ಬಂದರು. “ಮಾವ, ಬಿಡಿ. ಆಫೀಸಿಂದು ತುಂಬ ಮುಖ್ಯವಾದ ಕೆಲಸ ಇದೆ ಇದರಲ್ಲಿ. ಸರ್ಕಾರದ್ದು. ಅರ್ಜೆಂಟು.”

ಎಲ್ಲರೂ ನನ್ನ ಮುಖ ನೋಡಿದರು. ಒಂದು ‘ಹೂಂ’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೂಲರ್ ಉಳಿಯುತ್ತಿತ್ತು, ಬಸ್ಸಿನಲ್ಲಿ ಗಂಡನ ಮರ್ಯಾದೆಯೂ ಉಳಿಯುತ್ತಿತ್ತು.

“ಆಫೀಸಿಂದೂ ಇಲ್ಲ, ಸರ್ಕಾರದ್ದೂ ಇಲ್ಲ. ಇದು ಆಟಕ್ಕೆ. ನಾನು ಆಡೋಕೆ. ಬೇರೆ ಕಾರಣ ಏನೂ ಇಲ್ಲ ಮಾವ.”

ಪಕ್ಕದ ಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಗಂಡ ಸೀಲಿಂಗ್ ಫ್ಯಾನ್ ನೋಡತೊಡಗಿದರು. ಮಾವ ನನ್ನನ್ನು ನೋಡಿದರು, ಕ್ಯಾನನ್ನು ನೋಡಿದರು, ಕೊನೆಗೆ ಗಂಡನ ಕಡೆ ತಿರುಗಿದರು.

“ಲೇ, ಆಟಕ್ಕೆ ಅಂತ ಮೊದ್ಲೇ ಯೋಳಕ್ಕೆ ನಿಂಗೇನಾಗಿತ್ತು? ಸರ್ಕಾರದ ಕೆಲ್ಸ, ಎಡವಟ್ಟಾದಾತು ಅಂತ ಅಲ್ಲಿಂದ ಒತ್ಕೊಬಂದೆ. ಆಟಕ್ಕಾದ್ರೆ ಯಾವೂರ ನೀರಾದ್ರೇನ್ಲಾ?”

ಅತ್ತೆ ಆ ನೀರಿನಲ್ಲಿ ಕಾಫಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಜೋಡಣೆ ಮುಗಿದು ಕಂಪ್ಯೂಟರ್ ಆನ್ ಆಯಿತು. ಮೊದಲ ರೇಸಿನಲ್ಲಿ ನಾನು ಕೊನೆಯವಳಾಗಿ ಬಂದೆ.