ಪೆಟ್ಟಿಗೆಯ ಜೀರ್ಣೋದ್ಧಾರ

ದುಡ್ಡು ಕೊಟ್ಟು ತಂದ ವಸ್ತು ಯಜಮಾನನ ಅಪ್ಪಣೆ ಕೇಳದೆ ತನ್ನನ್ನು ತಾನೇ ಸುಧಾರಿಸಿಕೊಳ್ಳುವುದೆಂದರೆ ಎಂತಹ ಅಹಂಕಾರ, ನೀವೇ ಹೇಳಿ. ಅರೆಯುವ ಕಲ್ಲು ಹಾಗೆ ಮಾಡುತ್ತದೆಯೇ? ನನ್ನ ಹಳೆಯ ಸ್ಕೂಟರು ಮಂಗಲ್ಪಾಡಿಯ ಏರಿನ ನಡುವೆ ನಿಂತು, 'ಸ್ವಲ್ಪ ತಾಳಿ ಮಾಷ್ಟ್ರೇ, ನಾನೀಗ ಹೊಸ ಸ್ಕೂಟರಾಗುತ್ತಿದ್ದೇನೆ' ಎಂದದ್ದುಂಟೇ? ಆದರೆ ನಮ್ಮ ಟಿವಿಯ ಕೆಳಗೆ ಕುಳಿತಿರುವ ಡಿಶ್ಶಿನ ಪೆಟ್ಟಿಗೆ, ಗಾತ್ರದಲ್ಲಿ ಬುತ್ತಿಯ ಡಬ್ಬಿಗಿಂತ ಹೆಚ್ಚಿಲ್ಲ, ಒಂದು ವಾರದಿಂದ ಜೀರ್ಣೋದ್ಧಾರಕ್ಕೆ ಹೊರಟಿತ್ತು. ಸ್ವಿಚ್ ಹಾಕಿದರೆ ನೀಲಿ ಪರದೆ. ಅದರ ಮೇಲೆ 'ಅಪ್‌ಡೇಟ್ ಆಗುತ್ತಿದೆ' ಎಂಬ ಘೋಷಣೆ. ಅದರಡಿ ಒಂದು ಬಿಳಿ ಪಟ್ಟಿ, ಪಕ್ಕದಲ್ಲಿ ಶೇಕಡಾ ಇಷ್ಟು ಎಂಬ ಅಂಕ. ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟವನು ನಾನು. (ಸಾಲ್ವದೊರ್ ಮಾಷ್ಟ್ರು ಎಂದರೆ ಉಪ್ಪಳ ಪೇಟೆಯಲ್ಲಿ ಈಗಲೂ ಕೆಲವರು ಎದ್ದು ನಿಲ್ಲುತ್ತಾರೆ, ಕೆಲವರು ಓಡುತ್ತಾರೆ.) ಇಷ್ಟು ದಡ್ಡ ವಿದ್ಯಾರ್ಥಿಯನ್ನು ನಾನು ಕಂಡದ್ದಿಲ್ಲ. ಸಂಜೆ ಐವತ್ತು ತೆಗೆದವನು ಊಟದ ಹೊತ್ತಿಗೆ ಪುನಃ ಸೊನ್ನೆ!

ಆ ಭಾನುವಾರ ಮಾತ್ರ ಪೆಟ್ಟಿಗೆಗೆ ನಾಲ್ಕು ಬಯ್ದು ಮಲಗುವಂತಿರಲಿಲ್ಲ. ನನ್ನ ಹೆಂಡತಿ ಗ್ರೇಸಿ ಟಿವಿಯಲ್ಲಿ ಬರುವವಳಿದ್ದಳು. ಮಂಗಳೂರಿನ ಒಂದು ಚಾನೆಲ್ಲಿನವರು ಹೋದ ತಿಂಗಳು ಅವಳನ್ನು ಕರೆಸಿ, ಸನ್ನಾ ಮಾಡಿಸಿ, ಕ್ಯಾಮರಾದಲ್ಲಿ ಹಿಡಿದಿದ್ದರು. (ಸನ್ನಾ ಎಂದರೆ ಕಳ್ಳು ಹಾಕಿ ಉಬ್ಬಿಸಿದ ಇಡ್ಲಿ. ಹೀಗೆಂದು ನಾನು ಹೇಳಿದ್ದು ಗ್ರೇಸಿಗೆ ತಿಳಿಯದಿರಲಿ.) ಎಂಟು ಗಂಟೆಗೆ ಪ್ರಸಾರ.

ಆಮೇಲೆ ಮೊಬೈಲಿನಲ್ಲಿ ನೋಡಿದರಾಯಿತಲ್ಲ ಎನ್ನುತ್ತೀರಿ. ಆದರೆ ನೋಡಬೇಕಾದವಳು ನನ್ನ ತಂಗಿ ಜೂಲಿಯೆಟ್. ಗ್ರೇಸಿ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಸನ್ನಾವನ್ನು ಬೆರಳಿನಿಂದ ಒತ್ತಿ ನೋಡಿ, "ಅತ್ತಿಗೆ, ಇದು ಒಲೆಗೆ ಕಲ್ಲು ಇಡ್ಲಿಕ್ಕೆ ಆದೀತು" ಎಂದಿದ್ದ ಮಹಾತಾಯಿ. ಅಂದಿನಿಂದ ಅವಳು ಮಸ್ಕತ್ತಿನಿಂದ ಬಂದಾಗಲೆಲ್ಲ ನಮ್ಮಲ್ಲಿ ಅಂಗಡಿಯ ಬ್ರೆಡ್ಡು. ಆ ಮಾತನ್ನು ಗ್ರೇಸಿ ಇಂದಿಗೂ ಮರೆತಿಲ್ಲ. ಟಿವಿಯವರೇ ಒಪ್ಪಿದ ಸನ್ನಾವನ್ನು ನಾದಿನಿ ಕಣ್ಣಾರೆ ನೋಡಬೇಕು, ಬಾಯಾರೆ ಹೊಗಳಬೇಕು, ಆಮೇಲೆ ಬೇಕಾದರೆ ಲೋಕ ಮುಳುಗಲಿ. ಜೂಲಿಯೆಟ್ ಮರುದಿನ ಬೆಳಿಗ್ಗೆ ಮಸ್ಕತ್ತಿಗೆ ಹೊರಡುವವಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಮೊಬೈಲ್ ನೋಡಬೇಡಿ ಎಂದಿದ್ದಾರಂತೆ. (ಟಿವಿಯೂ ಬೇಡ ಎಂದಿದ್ದರೋ ಏನೋ, ಅದು ಅವಳಿಗೆ ಕೇಳಿಸಲಿಲ್ಲ.)

ಸಂಜೆ ಆರಕ್ಕೆ ಸ್ವಿಚ್ ಹಾಕಿದೆ. ನೀಲಿ ಪರದೆ. ಸೊನ್ನೆ.

"ವಾರದಿಂದ ಬಡ್ಕೊಳ್ತಾ ಇದ್ದೇನೆ, ಯಾರನ್ನಾದ್ರೂ ಕರ್ಸಿ ಅಂತ. ನೀವು ಎಂತ ಮಾಡಿದ್ರಿ?" ಎಂದಳು ಗ್ರೇಸಿ.

"ಬಯ್ದೆ."

"ಬಯ್ದ್ರೆ ಸರಿ ಆಗ್ತದಾ? ಹಾಗಿದ್ರೆ ನೀವು ಯಾವಾಗ್ಲೋ ಸರಿ ಆಗ್ಬೇಕಿತ್ತು!"

(ನಮ್ಮ ಮನೆಮಾತು ಕೊಂಕಣಿ, ನೆರೆಮನೆಯವರದು ತುಳು. ಜಗಳ ಮಾತ್ರ ಕನ್ನಡದಲ್ಲಿ. ನಡುವೆ ಬರುವವರಿಗೆ ಅನುಕೂಲವಾಗಲಿ ಎಂದು.)

ಅಷ್ಟರಲ್ಲಿ ನೆರೆಮನೆಯ ಅಮ್ಮಣಿ ಮದುವೆಗೆ ಹೊರಟಂತೆ ಸೀರೆಯುಟ್ಟು ಬಂದೇಬಿಟ್ಟಳು, ಹಿಂದಿನಿಂದ ಅವಳ ಗಂಡ ಕುಂಞಣ್ಣ. ಅವರ ಟಿವಿ ಸಿಡಿಲಿಗೆ ಆಹುತಿಯಾದಂದಿನಿಂದ ನಮ್ಮದೇ ಅವರಿಗೂ ಗತಿ. ಜೂಲಿಯೆಟ್ ಆಗಲೇ ಆರಾಮಕುರ್ಚಿ ಹಿಡಿದಿದ್ದಳು. ಅಮ್ಮಣಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾಷ್ಟ್ರೇ, ಗ್ರೇಸಿ ಬಾಯಿ ಈ ನೀಲಿಯ ಹಿಂದೆ ಇದ್ದಾರಾ?"

"ಕಂಪೆನಿಗೆ ಫೋನ್ ಮಾಡು ಅಣ್ಣಾ," ಎಂದಳು ಜೂಲಿಯೆಟ್. "ಅಥವಾ ಬೇಡ ಬಿಡು. ಸನ್ನಾ ನೋಡದಿದ್ರೆ ನಾನೇನೂ ಸಾಯುದಿಲ್ಲ."

ಗ್ರೇಸಿಯ ಮುಖ ಕೆಂಪಾಯಿತು. ಇನ್ನು ತಡೆದರೆ ರಾತ್ರಿ ನನಗೂ ಬ್ರೆಡ್ಡೇ ಗತಿ ಎಂದು ಫೋನ್ ಹಚ್ಚಿದೆ. ನನ್ನ ವಾಗ್ಝರಿಯಿಂದ ಯಾರೂ ವಂಚಿತರಾಗದಿರಲೆಂದು ಸ್ಪೀಕರಿಗೆ ಹಾಕಿದೆ. ನಮ್ಮೂರು ಕೇರಳದ ಗಡಿಯೊಳಗಾದ್ದರಿಂದ ಮೊದಲು ಮಲಯಾಳಂ, ಆಮೇಲೆ ಹಿಂದಿ, ಆಮೇಲೆ ಒಂದಿಷ್ಟು ಕೊಳಲು. ಕೊನೆಗೆ ಘಟ್ಟದ ಮೇಲಿನ ಕನ್ನಡದಲ್ಲಿ ಒಬ್ಬಳು ಹುಡುಗಿ, "ನಮಸ್ಕಾರ ಸರ್, ಏನು ಸಹಾಯ ಮಾಡ್ಲಿ?" ಎಂದಳು.

"ಸಹಾಯ ಬೇಡ, ಸಮಜಾಯಿಷಿ ಬೇಕು!" ಎಂದು ಸುರು ಮಾಡಿದೆ. "ಇದ್ದ ಪೆಟ್ಟಿಗೆ ಸರಿ ಇತ್ತು. ಅದನ್ನು ಹೊಸತು ಮಾಡಿ ಅಂತ ನಿಮ್ಮ ಹತ್ತಿರ ಕೇಳಿದವರು ಯಾರು? ಮಾಡುವುದಾದ್ರೆ ಮಾಡಿ ಮುಗಿಸ್ಬೇಕು. ಇದೆಂತ, ಪಂಚಾಯತ್ ರಸ್ತೆ ಹಾಗೆ ದಿನಾ ಅಗೆಯುವುದು?"

"ಸರ್, ಅಪ್‌ಡೇಟ್ ಆಗೋವಾಗ ಮಧ್ಯದಲ್ಲಿ ಕರೆಂಟ್ ಏನಾದ್ರೂ ಹೋಗುತ್ತಾ?"

ನೋಡಿದಿರಾ, ತಪ್ಪನ್ನು ನಮ್ಮ ತಲೆಗೆ ಕಟ್ಟುವ ಹುನ್ನಾರ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕರೆಂಟಿನ ಸುದ್ದಿ ಬಿಡಿ. ನಿಮ್ಮ ಬಾಕ್ಸನ್ನು ನಾನು ಮಗುವಿನ ಹಾಗೆ ನೋಡ್ಕೊಂಡಿದ್ದೇನೆ. ರಿಮೋಟ್ ಒತ್ತಿ ಕೈತೊಳ್ಕೊಳ್ಳುವ ಸೋಮಾರಿ ನಾನಲ್ಲ. ಸಂಜೆ ತೇರ್ಸಿಗೆ ಕೂರುವ ಮೊದಲು ಪ್ಲಗ್ಗೇ ಎಳೀತೇನೆ. ಮಲಗುವಾಗ ಇನ್ನೊಮ್ಮೆ ಎಳೀತೇನೆ. ಜ್ವರ ಬಂದ್ರೂ ತಪ್ಪಿಸಿದವನಲ್ಲ!"

ತೇರ್ಸ್ ಎಂದರೆ ನಮ್ಮ ಸಂಜೆಯ ಜಪಮಾಲೆ ಪ್ರಾರ್ಥನೆ. ನಮ್ಮ ಚಾವಡಿಯಲ್ಲಿ ಗೋಡೆಯ ಮೇಲೆ ದೇವರ ಪೀಠ, ಅದರ ಕೆಳಗೇ ಟಿವಿ. ಪೀಠದಲ್ಲಿ ಒಂದು ಕೆಂಪು ದೀಪ, ಪೆಟ್ಟಿಗೆಯಲ್ಲಿ ಇನ್ನೊಂದು. ನಾವು ಮೊಣಕಾಲೂರಿದ್ದು ಯಾವ ದೀಪಕ್ಕೆ ಎಂಬ ಸಂಶಯ ಸಂತರಿಗೆ ಬರಬಾರದೆಂದು ನಾನು ಮಾಡಿದ ಏರ್ಪಾಡು ಅದು. ಟಿವಿಯ ವಯರುಗಳನ್ನು ಬೇರೆ ಯಾರೂ ಮುಟ್ಟಕೂಡದು ಎಂಬುದೂ ನನ್ನದೇ ಕಾನೂನು.

ಫೋನಿನಲ್ಲಿ ಹುಡುಗಿ ಮೆಲ್ಲಗೆ, "ಸರ್..." ಎಂದಳು.

ಗ್ರೇಸಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ತಂಗೀ, ನೀನು ಇಡಮ್ಮ. ನಂಗೆ ಗೊತ್ತಾಯ್ತು." ಫೋನ್ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು. "ಆ ಪಾಪದ ಬಾಕ್ಸು ವಾರದಿಂದ ಕಷ್ಟಪಟ್ಟು ಹತ್ತುವುದು, ನೀವು ದಿನಾ ಅದರ ಕಾಲು ಹಿಡ್ದು ಎಳೆಯುವುದು! ಬಯ್ಯುವುದು ಮಾತ್ರ ಕಂಪೆನಿಗೆ!"

"ಸಂತರ ಎದುರು ಕೆಂಪು ದೀಪ..."

"ಸಂತರಿಗೆ ಇಲ್ಲದ ತೊಂದರೆ ನಿಮಗೆಂತ ಮಾರಾಯ್ರೆ?"

"ಹೌದು ಹೌದು," ಎಂದಳು ಅಮ್ಮಣಿ. (ಅವಳನ್ನು ಯಾರೂ ಕೇಳಿರಲಿಲ್ಲ.)

ಏಳಕ್ಕೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಗಂಟೆ ಹೊಡೆಯಿತು. ಪಟ್ಟಿ ಅರ್ಧ ದಾಟಿತ್ತಷ್ಟೇ. ಎಲ್ಲರೂ ತೇರ್ಸಿಗೆ ಸಿದ್ಧರಾಗುವಾಗ ಗ್ರೇಸಿ ನನ್ನನ್ನು ಗೋಡೆಯಿಂದ ದೂರ, ಬಾಗಿಲ ಬಳಿ ಕೂರಿಸಿದಳು. "ಕುಂಞಣ್ಣಾ, ತೇರ್ಸ್ ಮುಗಿಯುವವರೆಗೆ ಇವರ ಕೈ ಹಿಡ್ಕೊಳ್ಳಿ. ಅಭ್ಯಾಸ ಬಲ ಉಂಟು." ಕುಂಞಣ್ಣ ಮಾತು ಕಡಿಮೆಯ, ಮುಷ್ಟಿ ಗಟ್ಟಿಯ ಮನುಷ್ಯ. ಹೇಳಿದ್ದೇ ತಡ, ಹಿಡಿದ. ಎಸ್.ಎಸ್.ಎಲ್.ಸಿ. ಪರೀಕ್ಷಾ ಹಾಲಿನಲ್ಲಿ ಹುಲಿಯಂತೆ ತಿರುಗಿದ ಆಸಾಮಿಗೆ ಸ್ವಂತ ಮನೆಯಲ್ಲಿ ಕೈಬಂಧನ!

ಜೂಲಿಯೆಟ್ ಪ್ರಾರ್ಥನೆ ಹೇಳಿಕೊಟ್ಟಳು. ಎಲ್ಲರ ಬಾಯಲ್ಲಿ ಮರಿಯಮ್ಮನಿಗೆ 'ನಮಾನ್ ಮೊರಿಯೆ', ಕಣ್ಣು ಮಾತ್ರ ಪೀಠಕ್ಕಿಂತ ಒಂದು ಮೊಳ ಕೆಳಗೆ. ಪಟ್ಟಿ ಎಪ್ಪತ್ತರಲ್ಲಿ ನಿಂತಿತು. ಜೂಲಿಯೆಟ್ಟಳ ಸ್ವರವೂ ನಿಂತಿತು. ಎಪ್ಪತ್ತೊಂದಾಯಿತು, ಪ್ರಾರ್ಥನೆ ಮುಂದರಿಯಿತು. ನಡುವೆ ನನ್ನ ಬಲಗೈ ತನ್ನಷ್ಟಕ್ಕೇ ಸ್ವಲ್ಪ ಮಿಸುಕಿದ್ದು ಸುಳ್ಳಲ್ಲ. ಕುಂಞಣ್ಣನ ಹಿಡಿತಕ್ಕೆ ಬೆರಳುಗಳು ಲಟಕ್ಕೆಂದವು. ಸಂತರ ಸ್ತುತಿಮಾಲೆ ಮುಗಿಸಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ತೊಂಬತ್ತು. ನೂರಾಯಿತು, ಪರದೆ ಕಪ್ಪಾಯಿತು, ಅಮ್ಮಣಿ "ಅಯ್ಯೋ ದೇವರೇ" ಎಂದಳು, ಚಿತ್ರ ಬಂತು!

ಚಾನೆಲ್ಲುಗಳ ನಂಬರು ಪೂರಾ ಅದಲುಬದಲು. ಅವರ ಸುಧಾರಣೆಗೆ ಬೆಂಕಿ ಬೀಳಲಿ! ಗ್ರೇಸಿ ಹುಡುಕಿ ಹಿಡಿಯುವಾಗ ಕಾರ್ಯಕ್ರಮ ಅರ್ಧವಾಗಿತ್ತು. ಆದರೂ ಸರಿಯಾದ ಹೊತ್ತಿಗೇ ಸಿಕ್ಕಿತು. ಪರದೆಯಲ್ಲಿ ಗ್ರೇಸಿ ಪಾತ್ರೆಯ ಮುಚ್ಚಳ ತೆಗೆದಳು, ಹಬೆ ಎದ್ದಿತು, ಸನ್ನಾಗಳು ಬೆಳ್ಳಗೆ ಉಬ್ಬಿ ಕುಳಿತಿದ್ದವು. ನಿರೂಪಕಿ ಒಂದನ್ನು ಬೆರಳಿನಿಂದ ಒತ್ತಿದಳು. ಅದು ತಗ್ಗಿ, ಹಾಗೇ ಮೇಲೆದ್ದಿತು. ಆರಾಮಕುರ್ಚಿಯಲ್ಲಿ ಜೂಲಿಯೆಟ್ಟಳ ಬೆರಳೂ ಗಾಳಿಯನ್ನು ಒತ್ತಿತು. ಆದರೆ ಬಾಯಿ ಬಿಡಲಿಲ್ಲ. ಗ್ರೇಸಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಇಷ್ಟು ಮೆತ್ತಗೆ ಬರಲು ಏನು ಗುಟ್ಟು?" ಎಂದಳು ನಿರೂಪಕಿ.

"ಗುಟ್ಟು ಎಂತದೂ ಇಲ್ಲ. ಮೊದಲನೇ ಸಲ ಬೇಯಿಸಿದ್ದನ್ನು ನಮ್ಮ ಯಜಮಾನರಿಗೆ ಕೊಡುವುದು."

ನಾನು ಬೆನ್ನು ನೇರ ಮಾಡಿ ಕುಳಿತೆ. ನಮ್ಮ ಚಾವಡಿಯ ಗ್ರೇಸಿ ಇದ್ದಕ್ಕಿದ್ದಂತೆ, "ಚಾ ಇಡ್ತೇನೆ" ಎಂದು ಎದ್ದಳು.

"ಓ, ಅವರು ರುಚಿ ನೋಡಿ ಹೇಳುತ್ತಾರೆ!" ಎಂದಳು ನಿರೂಪಕಿ.

"ಅವರಿಗೆ ರುಚಿ ಎಲ್ಲಿ ಗೊತ್ತಾಗ್ತದೆ ಮಾರಾಯ್ರೆ!" ಎಂದಳು ಪರದೆಯ ಗ್ರೇಸಿ. "ಟಿವಿ ನ್ಯೂಸಿಗೆ ಬಯ್ತಾ ಬಯ್ತಾ ಎಂತ ಕೊಟ್ರೂ ನುಂಗ್ತಾರೆ. ಮೊದಲಿನದ್ದು ಗಟ್ಟಿ ಇರ್ತದೆ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ. ಒಮ್ಮೆ ನಾಯಿ ಮೂಸಿ ಬಿಟ್ಟದ್ದನ್ನು ತಿಂದು, 'ಇವತ್ತು ಫಸ್ಟ್ ಕ್ಲಾಸ್ ಗ್ರೇಸಿ' ಅಂದ್ರು!"

ಜೂಲಿಯೆಟ್ ಕುರ್ಚಿಯಿಂದ ಎದ್ದೇಬಿಟ್ಟಳು. ನಗುವಿನಿಂದ ಆಪರೇಷನ್ ಆದ ಕಣ್ಣಲ್ಲಿ ನೀರು. "ಅತ್ತಿಗೇ! ನಮ್ಮ ಅಮ್ಮನೂ ಹಾಗೇ ಮಾಡ್ತಿದ್ದದ್ದು! ಕರಟಿದ ದೋಸೆ ಎಲ್ಲ ಇವನಿಗೇ!" ಎನ್ನುತ್ತ ಹೋಗಿ ಗ್ರೇಸಿಯನ್ನು ತಬ್ಬಿದಳು. "ಎಂಥಾ ಸನ್ನಾ ಮಾರಾಯ್ತಿ, ಹತ್ತಿ ಹಾಗೆ! ನಾಳೆ ನಂಗೆ ಕಟ್ಟಿ ಕೊಡ್ಬೇಕು ಆಯ್ತಾ? ಎರಡನೇ ಸಲದ್ದು!" ಗ್ರೇಸಿ ಅತ್ತಳು, ನಕ್ಕಳು, ಮೂಗೊರಸಿಕೊಂಡಳು. ಅಷ್ಟು ವರ್ಷಗಳ ವೈರ ನನ್ನ ಹೊಟ್ಟೆಯ ಖರ್ಚಿನಲ್ಲಿ ಮುಗಿಯಿತು.

ಕುಂಞಣ್ಣ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಅಂದು ಅವನು ಆಡಿದ್ದು ಒಂದೇ ಮಾತು. "ಹೋಗ್ಲಿ ಬಿಡಿ ಮಾಷ್ಟ್ರೇ. ನಂಗೂ ಮೊದಲನೇ ದೋಸೆಯೇ."

"ಯಜಮಾನರ ಬಗ್ಗೆ ಇನ್ನೂ ಹೇಳಿ ಗ್ರೇಸಿ ಬಾಯಿ!" ಎಂದಳು ಪರದೆಯಲ್ಲಿ ಆ ಹಾಳು ನಿರೂಪಕಿ. ನಾನು ಪೆಟ್ಟಿಗೆಯತ್ತ ನೋಡಿದೆ. ಇಡೀ ತೇರ್ಸಿನಲ್ಲಿ ಬಾರದ ಭಕ್ತಿ ಆಗ ಬಂತು. 'ದೇವರೇ, ಈಗಿಂದೀಗಲೇ ಒಂದು ಅಪ್‌ಡೇಟ್ ಕರುಣಿಸು' ಎಂದು ಮನಸಾರೆ ಬೇಡಿಕೊಂಡೆ.

ಬರಲಿಲ್ಲ. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು, ಮಾತು ಒಂದಕ್ಷರ ತಪ್ಪದೆ ಕೇಳುತ್ತಿತ್ತು, ಗ್ರೇಸಿ ಎರಡನೆಯ ಕಥೆ ಸುರು ಮಾಡಿದಳು.